ಮೈಕಿನ ಇನಾಯತುಲ್ಲಾ ಮತ್ತು ಮೂರು ಕಂಬ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನಲ್ಲಿ ಗಂಜಾಮಿನ ಇನಾಯತುಲ್ಲಾನ ಮುಖ ಕಂಡವರು ಕಡಿಮೆ, ದನಿ ಕೇಳದವರು ಇಲ್ಲ. ಮೂವತ್ತೆರಡು ವರ್ಷದಿಂದ ಅವನು ಆಟೋದ ನೆತ್ತಿಗೆ ಎರಡು ಸ್ಪೀಕರು ಕಟ್ಟಿಕೊಂಡು ಊರೂರು ಸುತ್ತಿ ಕೂಗುತ್ತಿದ್ದಾನೆ. ನಾಲೆಗೆ ನೀರು ಬಿಡುವುದು, ದನಗಳಿಗೆ ಲಸಿಕೆ ಹಾಕುವುದು, ಕರೆಂಟು ತೆಗೆಯುವುದು, ಯಾರದೋ ಎಮ್ಮೆ ತಪ್ಪಿಸಿಕೊಂಡದ್ದು, ಯಾರೋ ತೀರಿಕೊಂಡದ್ದು, ಎಲ್ಲವೂ ಆ ದನಿಯಲ್ಲೇ ಊರೊಳಗೆ ಬರಬೇಕು. ಇಂಪಾದ ದನಿಯೇನಲ್ಲ, ಕಬ್ಬಿನ ಗಾಡಿಯ ಅಚ್ಚಿನ ಹಾಗೆ ಒರಟು. ಆದರೂ ಗದ್ದೆಯಲ್ಲಿ ಬಗ್ಗಿ ನಾಟಿ ಹಾಕುವ ಹೆಂಗಸರು ಅದು ಕಿವಿಗೆ ಬಿದ್ದರೆ ಸೊಂಟ ನೆಟ್ಟಗೆ ಮಾಡಿ ನಿಲ್ಲುತ್ತಾರೆ. ನಿಂತು, ಕೊನೆಯ ಸಾಲಿಗೆ ಕಾಯುತ್ತಾರೆ.

ಕೊನೆಯ ಸಾಲು ಯಾವಾಗಲೂ ಒಂದೇ. "ನೋಡಿ ಬಂದು ಹೇಳ್ತಾ ಇದ್ದೀನಿ."

ಆ ಸಾಲು ಅವನಿಗೆ ಪುಕ್ಕಟೆ ಬಂದದ್ದಲ್ಲ. ಇಪ್ಪತ್ತು ವರ್ಷದ ಹಿಂದೆ ಕೆ.ಆರ್.ಪೇಟೆ ಕಡೆಯ ಕಾಳೇನಕೊಪ್ಪಲಿನಿಂದ ಸೈಕಲ್ಲಿನಲ್ಲಿ ಬಂದ ಒಬ್ಬ, "ಹೊನ್ನಪ್ಪ ತೀರ್ಕೊಂಡ್ರು, ಕೂಗ್ಬುಡಿ" ಎಂದು ಹೇಳಿ ಹೋದ. ಇನಾಯತುಲ್ಲಾ ಹನ್ನೊಂದು ಊರಿನಲ್ಲಿ ಕೂಗಿದ. ನಾಗಮಂಗಲದಿಂದ ನೆಂಟರು ಹೂವಿನ ಹಾರ ಹಿಡಿದು, ದಾರಿಯುದ್ದಕ್ಕೂ ಅತ್ತು, ಬಸ್ಸು ಇಳಿದು ಬಂದರೆ ಹೊನ್ನಪ್ಪ ಜಗಲಿ ಮೇಲೆ ಕೂತು ಮುದ್ದೆ ಮುರಿಯುತ್ತಿದ್ದ. ತೀರಿಕೊಂಡವನು ಅದೇ ಊರಿನ ಕೆಳಗಿನ ಬೀದಿಯ ಇನ್ನೊಬ್ಬ ಹೊನ್ನಪ್ಪ. ತಪ್ಪು ಒಪ್ಪಿಕೊಳ್ಳಲು ಇನಾಯತುಲ್ಲಾ ಹೋದಾಗ ಹೊನ್ನಪ್ಪ ಬೈಯಲಿಲ್ಲ. ಕೈ ತೊಳೆದು ಬಂದು ಎದುರು ನಿಂತ.

"ಲೇ ಸಾಬಣ್ಣ, ಬಂದ್ ನೋಡಿದ್ಯಾ?"

"ಇಲ್ಲ."

"ಒಂದ್ ಕಿತ ಬಂದ್ ನೋಡ್ಬುಟ್ಟು ಕೂಗಿದ್ರೆ ನಿನ್ ಗಂಟೇನ್ ಓಯ್ತಿತ್ತು? ನಮ್ಮಕ್ಕ ಬಸ್ಸಲ್ಲೇ ಎದೆ ಒಡ್ಕೊಂಡವ್ಳೆ ಕಣ್ಲಾ. ಈಗ ನನ್ ನೋಡಿ ನಗ್ಬೇಕೋ ಅಳ್ಬೇಕೋ ಗೊತ್ತಾಗ್ದೆ ಒಳಗ್ ಮಲಗವ್ಳೆ."

ಅಂದಿನಿಂದ ಅವನು ಸಾವಿನ ಸುದ್ದಿಯಾದರೆ ಆ ಮನೆಯ ಬಾಗಿಲಿಗೆ ಹೋಗಿ ಕೈ ಮುಗಿದು ಬರುತ್ತಾನೆ. ಎಮ್ಮೆ ಕಳೆದಿದ್ದರೆ ಕೊಟ್ಟಿಗೆಗೆ ಹೋಗಿ ಬರಿದಾದ ಗೂಟ ನೋಡುತ್ತಾನೆ. ನೀರು ಬಿಡುವ ಸುದ್ದಿಗೆ ತೂಬಿನ ತನಕ ಹೋಗುತ್ತಾನೆ. ಆಮೇಲೆ ಕೂಗುತ್ತಾನೆ. ಹೊನ್ನಪ್ಪ ಮಾತ್ರ ಪ್ರತಿ ಯುಗಾದಿಗೆ ಫೋನು ಮಾಡಿ, "ಇನ್ನೂ ಬದುಕಿವ್ನಿ ಕಣ್ಲಾ, ಕೂಗ್ಬುಟ್ಟೀಯ" ಎಂದು ನೆನಪಿಸುವುದನ್ನು ಬಿಟ್ಟಿಲ್ಲ.

ಕಳೆದ ವರ್ಷ ಮಾಘದಲ್ಲಿ, ಪಕ್ಷದ ತಾಲ್ಲೂಕು ಮುಖಂಡ ಶಿವಶಂಕರ್ ಗಂಜಾಮಿನ ಮನೆ ಮುಂದೆ ಕಾರು ನಿಲ್ಲಿಸಿದಾಗ ಅವನು ಕೇಳಿದ್ದು ಅದೇ ಕೊನೆಯ ಸಾಲನ್ನು.

ದೆಹಲಿಯ ದೊಡ್ಡ ನಾಯಕರು ಪಾಂಡವಪುರದ ಮೈದಾನಕ್ಕೆ ಬರುವವರಿದ್ದರು. ನಾಲ್ಕೂ ತಾಲ್ಲೂಕಿನಲ್ಲಿ ಮೂರು ದಿನ ಕೂಗಬೇಕು. ಶಿವಶಂಕರ್ ಒಂದು ಹಾಳೆ ಚಾಚಿದ. ಜಾಗ, ದಿನ, ಹೊತ್ತು, ಎಲ್ಲ ಇತ್ತು. ಅದರ ಕೆಳಗೆ, "ಕಾಳೇನಕೊಪ್ಪಲಿನ ಜನರ ಮೂವತ್ತು ವರ್ಷದ ಕನಸಾದ ಸೇತುವೆಯನ್ನು ಕಟ್ಟಿ ಮುಗಿಸಿಕೊಟ್ಟ ಮಹಾನಾಯಕರು" ಎಂದಿತ್ತು.

"ಕೊನೇಲಿ ನಿಮ್ ಮಾಮೂಲಿ ಸಾಲು ಸೇರುಸ್ಬುಡಿ ಸಾಬ್ರೆ. ನೋಡಿ ಬಂದು ಹೇಳ್ತಾ ಇದ್ದೀನಿ ಅಂತ. ಅದಿಲ್ದೆ ಜನ ನಂಬಾಕಿಲ್ಲ."

"ಸೇತುವೆ ನಾನ್ ನೋಡಿಲ್ವಲ್ಲ."

"ಕಾಗದ್ದಲ್ಲಿ ಮುಗಿದದೆ. ಬಿಲ್ಲೂ ಆಗೋಗದೆ. ಇನ್ನೇನ್ ನೋಡ್ತೀರಾ?"

ಆ ಸೇತುವೆಯ ಕಲ್ಲು ಹಾಕಿದ ದಿನ ನಾಲ್ಕು ತಾಲ್ಲೂಕಿಗೂ ಚೆನ್ನಾಗಿ ನೆನಪಿತ್ತು. ಅದಕ್ಕೂ ಎರಡು ವರ್ಷ ಮೊದಲು ಇದೇ ನಾಯಕರು ಬಂದಿದ್ದರು. ಬೆಳಿಗ್ಗೆ ಹತ್ತಕ್ಕೆ ಎಂದವರು ಇಳಿಹೊತ್ತಿಗೆ ಹೆಲಿಕಾಪ್ಟರಿನಿಂದ ಇಳಿದರು. ಒಂಬತ್ತು ನಿಮಿಷ ಮಾತಾಡಿದರು, ಅದರಲ್ಲಿ ಎರಡು ಸಲ ಊರಿನ ಹೆಸರು ತಪ್ಪಿದರು. ಕ್ಯಾಮೆರಾ ಮುಂದೆ ಹೊನ್ನಪ್ಪನ ಹೆಂಡತಿ ದೊಡ್ಡತಾಯಮ್ಮನ ಕೈ ಹಿಡಿದು ಕುಲುಕಿದರು. ಆಮೇಲೆ ಆ ಕಡೆ ತಿರುಗಿ, ಯಾರೂ ನೋಡುತ್ತಿಲ್ಲವೆಂದುಕೊಂಡು, ಬಿಳಿ ಕರವಸ್ತ್ರ ತೆಗೆದು ಒಂದೊಂದೇ ಬೆರಳು ಒರೆಸಿಕೊಂಡು, ಕರವಸ್ತ್ರವನ್ನು ಪಕ್ಕದವನ ಕೈಗೆ ಕೊಟ್ಟರು. ಯಾರದೋ ಫೋನು ಅದನ್ನು ಹಿಡಿದಿತ್ತು. ಮರುದಿನದ ಹೊತ್ತಿಗೆ ನೋಡದ ಮನೆ ಇರಲಿಲ್ಲ. ದೊಡ್ಡತಾಯಮ್ಮ ಜಗಳ ಮಾಡಲಿಲ್ಲ. ಡೇರಿಯಲ್ಲಿ ಕ್ಯಾನು ಇಳಿಸುತ್ತಾ ಇಷ್ಟೇ ಅಂದಳು: "ಆಲ್ ಕರಿಯೋ ಕೈ ಕಣವ್ವ ಇದು. ಇದ್ರಲ್ಲಿ ಕರ್ದಿದ್ನ ಊರೆಲ್ಲ ಕುಡೀತದೆ."

ಶಿವಶಂಕರ್ ಹೋದ ಮೇಲೆ ಇನಾಯತುಲ್ಲಾನ ಹೆಂಡತಿ ಖತೀಜಾ ಬೀ ಹೊಲಿಗೆ ಮಿಷನ್ನಿನಿಂದ ತಲೆ ಎತ್ತದೆಯೇ ಕೇಳಿದಳು.

"ಒಪ್ಕೊಳ್ದಿದ್ರೆ ಮೈಕಿನ ಪರ್ಮಿಶನ್ ತೆಗೀತಾರೆ ಅಂತ ಹೋಗ್ತಾ ಹೇಳಿದ್ದು ಕೇಳುಸ್ತಾ?"

"ಕೇಳುಸ್ತು."

"ಹಾಗಾದ್ರೆ ನಾಳೆ ಎದ್ದು ಸೇತುವೆ ನೋಡ್ಕೊಂಡು ಬನ್ನಿ. ಇದ್ರೆ ಕೂಗಿ. ಇಲ್ದಿದ್ರೆ... ಅಲ್ಲಾ ಇದ್ದಾನೆ, ಈ ಮಿಷನ್ನೂ ಇದೆ."

ಬೆಳಗಿನ ಮಂಜು ಕಬ್ಬಿನ ಗರಿಗಳ ಮೇಲೆ ಇನ್ನೂ ಕೂತಿರುವಾಗಲೇ ಆಟೋ ಪಾಂಡವಪುರದ ಮೈದಾನಕ್ಕೊಂದು ಸುತ್ತು ಹಾಕಿ, ಗೋವಿಂದನಹಳ್ಳಿ ದಾಟಿ ಕಾಳೇನಕೊಪ್ಪಲಿನ ಹಳ್ಳದ ದಂಡೆಗೆ ಬಂತು. ನೀರಿನ ನಡುವೆ ಮೂರು ಕಂಬ ನಿಂತಿದ್ದವು. ಮೇಲೆ ಏನೂ ಇರಲಿಲ್ಲ. ಕಂಬಗಳ ತುದಿಯಿಂದ ತುಕ್ಕು ಹಿಡಿದ ಸರಳುಗಳು ಆಕಾಶಕ್ಕೆ ಬೆರಳು ಚಾಚಿದ್ದವು. ನಡುವಿನ ಕಂಬದ ಮೇಲೆ ಒಂದು ಬೆಳ್ಳಕ್ಕಿ ಒಂಟಿ ಕಾಲಲ್ಲಿ ನಿಂತಿತ್ತು. ಈಚೆ ದಂಡೆಯ ಶಂಕುಸ್ಥಾಪನೆಯ ಕಲ್ಲಿಗೆ ಯಾರೋ ಕರು ಕಟ್ಟಿದ್ದರು.

ದೊಡ್ಡತಾಯಮ್ಮ ತಲೆಯ ಮೇಲೆ ಹಾಲಿನ ಕ್ಯಾನು ಹೊತ್ತು, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ನೀರು ದಾಟುತ್ತಿದ್ದಳು. ನೀರು ಹೆಚ್ಚಿದ ದಿನ ಆರು ಮೈಲಿ ಸುತ್ತಬೇಕು, ಅಷ್ಟರಲ್ಲಿ ಡೇರಿ ಮುಚ್ಚುತ್ತದೆ. ದಂಡೆ ಹತ್ತಿ ಅವಳು ಆಟೋ ನೋಡಿದಳು.

"ಯಾರ್ ಸತ್ರು ಸಾಬ್ರೆ?"

"ಯಾರೂ ಇಲ್ಲಮ್ಮ. ಸೇತುವೆ ನೋಡಾಕೆ ಬಂದೆ."

"ನೋಡಿ, ನೋಡಿ. ಕಾಣದಿದ್ರೆ ಕನ್ನಡಕ ಆಕ್ಕೊಳ್ಳಿ."

ಹಿಂದಿನಿಂದ ಹೊನ್ನಪ್ಪನೂ ಬಂದು, ಆಟೋದ ಸೀಟಿನ ಮೇಲಿದ್ದ ಹಾಳೆ ಓದಿದ. "ಏನ್ಲಾ, ಇಪ್ಪತ್ತ್ ವರ್ಷದ್ ಇಂದೆ ಬದುಕಿದ್ದೋನ್ನ ಸತ್ತ ಅಂತ ಕೂಗ್ದೆ. ಈಗ ಉಟ್ಟೇ ಇಲ್ದಿರೋದ್ನ ಬದುಕದೆ ಅಂತ ಕೂಗ್ತೀಯಾ?" ನಗುತ್ತಲೇ ಕೇಳಿದ. ಕಣ್ಣು ಮಾತ್ರ ನಗುತ್ತಿರಲಿಲ್ಲ.

ಇನಾಯತುಲ್ಲಾ ಚಪ್ಪಲಿ ಬಿಟ್ಟು ನೀರಿಗಿಳಿದ. ಮೊದಲನೆಯ ಕಂಬ ಮುಟ್ಟಿದ, ಎರಡನೆಯದು ಮುಟ್ಟಿದ, ಮೂರನೆಯದೂ. ಒದ್ದೆ ಪೈಜಾಮದಲ್ಲೇ ಬಂದು ಆಟೋದಲ್ಲಿ ಕೂತು, ಅಲ್ಲಿಯೇ, ಆ ಕರುವಿನ ಎದುರೇ ಮೈಕು ಹಿಡಿದ.

"ಮಹಾಜನಗಳೇ, ಬರೋ ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಪಾಂಡವಪುರದ ಮೈದಾನದಲ್ಲಿ ದೆಹಲಿಯ ನಾಯಕರ ಸಭೆ ಇದೆ. ಪೆಂಡಾಲು ಹಾಕ್ತಾವ್ರೆ, ನೋಡಿದ್ದೀನಿ. ಕಾಳೇನಕೊಪ್ಪಲಿನ ಸೇತುವೆ ಮುಗಿದಿದೆ ಅಂತ ಕೂಗೋಕೆ ನನಗೆ ಹೇಳಿದ್ದಾರೆ. ಹಳ್ಳದಲ್ಲಿ ಮೂರು ಕಂಬ ಇದೆ. ಮೇಲೆ ಸೇತುವೆ ಇಲ್ಲ. ಒಂದು ಬೆಳ್ಳಕ್ಕಿ ಇದೆ. ನೋಡಿ ಬಂದು ಹೇಳ್ತಾ ಇದ್ದೀನಿ."

ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಊರಾಗಿತ್ತು. ಹತ್ತನೆಯ ಊರಿನ ಹೊರಗೆ ಇಬ್ಬರು ಪೊಲೀಸರು ಆಟೋ ತಡೆದರು. ಪರ್ಮಿಶನ್ ರದ್ದಾಗಿದೆ ಎಂದರು. ಆಂಪ್ಲಿಫೈಯರು, ಸ್ಪೀಕರು, ಮೈಕು, ಮೂರನ್ನೂ ಇಳಿಸಿಕೊಂಡರು. ಅವರಲ್ಲಿ ಹಿರಿಯನು ವೈರು ಸುತ್ತುತ್ತಾ ಮೆಲ್ಲಗೆ, "ನಮ್ಮವ್ವನ ಸಾವು ಕೂಗಿದ್ದೂ ನೀವೇ ಸಾಬ್ರೆ. ಏನ್ ಮಾಡನ, ಮೇಲಿಂದ ಫೋನು" ಎಂದ. ನೆತ್ತಿ ಬೋಳಾದ ಆಟೋ ಗಂಜಾಮಿಗೆ ಮರಳಿತು. ಆ ದಾರಿ ಅವನಿಗೆ ಎಂದೂ ಅಷ್ಟು ಮೌನವಾಗಿ ಕಂಡಿರಲಿಲ್ಲ. ಮೂವತ್ತೆರಡು ವರ್ಷದ ದನಿ ಒಂದು ಗಂಟಲಿನಷ್ಟೇ ಸಣ್ಣದಾಗಿಬಿಟ್ಟಿತ್ತು.

ಅವನಿಗೆ ಗೊತ್ತಿಲ್ಲದ್ದೊಂದಿತ್ತು. ಒಂಬತ್ತು ಊರಿನಲ್ಲೂ ಯಾರಾದರೊಬ್ಬರು ಆ ಕೂಗನ್ನು ಫೋನಿನಲ್ಲಿ ಹಿಡಿದು ಊರೂರಿಗೆ ಕಳಿಸಿದ್ದರು.

ಮರುದಿನ ಶಿವಶಂಕರ್ ಬೇರೆ ವ್ಯಾನು ಕಳಿಸಿದ. ಪಟ್ಟಣದ ಸ್ಟುಡಿಯೋದಲ್ಲಿ ಯಾರೋ ಜೇನಿನಂಥ ದನಿಯವನು ಆ ಹಾಳೆಯನ್ನು ಕೊನೆಯ ಸಾಲಿನ ಸಮೇತ ಓದಿದ್ದ. ನಾಗಮಂಗಲ ರಸ್ತೆಯ ಒಂದು ಊರಿನಲ್ಲಿ ವ್ಯಾನು ತಿರುಗುವಾಗ ರಾಗಿ ಒಣಹಾಕುತ್ತಿದ್ದ ಮುದುಕಿಯೊಬ್ಬಳು ಅಡ್ಡ ನಿಂತು ಸ್ಪೀಕರಿಗೇ ಕೇಳಿದಳು: "ನೋಡಿ ಬಂದ್ಯೇನ್ಲಾ?" ಸ್ಪೀಕರು ಸೇತುವೆಯನ್ನು ಹೊಗಳುತ್ತಲೇ ಇತ್ತು. ಡ್ರೈವರು ಕಿಟಕಿ ಗಾಜು ಏರಿಸಿದ. ಮುಂದಿನ ಊರಿನಲ್ಲಿ ಇಡೀ ಅರಳಿಕಟ್ಟೆ ಅದನ್ನೇ ಕೇಳಿತು. ಸಂಜೆಯೊಳಗೆ ವ್ಯಾನು ಹೋದಲ್ಲೆಲ್ಲ ಅದೇ ಪ್ರಶ್ನೆ ಅದಕ್ಕಿಂತ ಮುಂಚೆ ಹೋಗಿ ನಿಂತಿರುತ್ತಿತ್ತು.

ಗುರುವಾರ ಮೈದಾನ ತುಂಬಿತು. ಇನಾಯತುಲ್ಲಾ ಹಿಂದಿನ ಸಾಲಿನಾಚೆ, ಹುಣಸೆ ಮರದ ಕೆಳಗೆ ನಿಂತಿದ್ದ. ಸಭೆ ಇದೆ ಎಂದು ಕೂಗಿದ್ದನಲ್ಲ, ಇದೆಯೋ ಇಲ್ಲವೋ ನೋಡುವುದು ಅವನ ಕೆಲಸ. ನಾಯಕರು ಒಂದೂವರೆಗೆ ಬಂದರು. ಅವರು ತಮ್ಮ ಭಾಷೆಯಲ್ಲಿ ಒಂದೊಂದು ಮಾತು ಆಡಿದಂತೆ ಪಕ್ಕದಲ್ಲಿ ನಿಂತ ಶಿವಶಂಕರ್ ಅದನ್ನು ಕನ್ನಡ ಮಾಡುತ್ತಿದ್ದ.

"ಕಾಳೇನಕೊಪ್ಪಲಿನ ನನ್ನ ತಾಯಂದಿರಿಗೆ ನಾನು ಸೇತುವೆ ಕೊಟ್ಟಿದ್ದೇನೆ!"

ಚಪ್ಪಾಳೆಗೆಂದು ಬಿಟ್ಟ ಜಾಗದಲ್ಲಿ ಒಂದು ಹೆಣ್ಣು ದನಿ ಎದ್ದಿತು. ದೊಡ್ಡತಾಯಮ್ಮ ಕುರ್ಚಿ ಮೇಲೆ ಹತ್ತಿ ನಿಂತಿದ್ದಳು.

"ನೋಡಿ ಬಂದು ಹೇಳ್ತಾ ಇದ್ದೀಯಾ ಸ್ವಾಮಿ?"

ಆಮೇಲೆ ಆ ಮೂಲೆಯಿಂದ ಒಬ್ಬ, ಈ ಮೂಲೆಯಿಂದ ಹತ್ತು ಜನ, ನಾಗಮಂಗಲದವರು, ಪಾಂಡವಪುರದವರು, ಪಟ್ಟಣದ ಆಟೋ ಸ್ಟ್ಯಾಂಡಿನವರು, ಡೇರಿಯ ಹೆಂಗಸರು. ಕಲ್ಲಿಲ್ಲ, ಬೈಗುಳವಿಲ್ಲ. ಬರೀ ಆ ಒಂದು ಪ್ರಶ್ನೆ. ಸಾವಿರಾರು ಗಂಟಲು, ಅಲೆಯ ಮೇಲೆ ಅಲೆ: "ನೋಡಿ ಬಂದು ಹೇಳ್ತಾ ಇದ್ದೀಯಾ?"

ನಾಯಕರು ಶಿವಶಂಕರನ ಕಡೆ ತಿರುಗಿ, ಇವರು ಏನು ಕೇಳುತ್ತಿದ್ದಾರೆ ಎಂದರು. ಎಲ್ಲವನ್ನೂ ಕನ್ನಡ ಮಾಡಿದ್ದ ಶಿವಶಂಕರ್‌ಗೆ ಈ ಕನ್ನಡವನ್ನು ಅವರ ಭಾಷೆಗೆ ತಿರುಗಿಸಲು ಆಗಲಿಲ್ಲ. ಅವನು ತಲೆ ತಗ್ಗಿಸಿದ. ನಾಯಕರ ಹಣೆಯಲ್ಲಿ ಬೆವರು ಮೂಡಿತು. ಜೇಬಿನಿಂದ ಬಿಳಿ ಕರವಸ್ತ್ರ ಹೊರಬಂತು. ಅದನ್ನು ಕಂಡದ್ದೇ ಮೈದಾನ ನಕ್ಕಿತು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಳ್ಳದೆ ನಕ್ಕರು. ಆ ನಗುವಿನ ನಡುವೆಯೇ ನಾಯಕರು ಕೈ ಬೀಸಿ ವೇದಿಕೆ ಇಳಿದರು.

ಹುಣಸೆ ಮರಕ್ಕೆ ಒರಗಿ ಇನಾಯತುಲ್ಲಾ ಅಂಗೈ ನೋಡಿಕೊಂಡ. ಮೈಕಿಲ್ಲದ ಕೈ ಹಗುರವಾಗಿತ್ತು. ತನ್ನ ಸಾಲನ್ನು ಇಷ್ಟು ಜನ ಕೂಗುವುದನ್ನು ಅವನು ಮೊದಲ ಸಲ ಹೊರಗಿನಿಂದ ಕೇಳುತ್ತಿದ್ದ.

ಆಮೇಲಿನದು ನಿಧಾನದ ಕತೆ. ವಿಚಾರಣೆಯವರು ಬಂದು ಟೇಪು ಹಿಡಿದು ಗಾಳಿ ಅಳೆದರು. ಬಿಲ್ಲು ಬರೆದ ಕಂಟ್ರಾಕ್ಟರು, ಸಹಿ ಹಾಕಿದ ಎಂಜಿನಿಯರು ಇಬ್ಬರೂ ಕೋರ್ಟಿಗೆ ಅಲೆಯುವಂತಾಯಿತು. ಇನಾಯತುಲ್ಲಾನ ಸಾಮಾನು ಮರಳಲು ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳು ಖತೀಜಾ ಬೀಯ ಮಿಷನ್ನು ಮನೆ ನಡೆಸಿತು. ನಾಲ್ಕು ತಾಲ್ಲೂಕಿನಲ್ಲಿ ಸತ್ತವರ ಮನೆಯವರು ಮಾತ್ರ ವ್ಯಾನಿನವನನ್ನು ಕರೆಯದೆ, ಇನಾಯತುಲ್ಲಾ ಬರಿ ಬಾಯಲ್ಲಿ ಕೂಗಿದರೂ ಸರಿ ಎಂದು ಕರೆದರು. ಅವನು ಬರಿ ಬಾಯಲ್ಲೇ ಕೂಗಿದ.

ಈ ಶ್ರಾವಣದಲ್ಲಿ ಸೇತುವೆ ಮುಗಿಯಿತು. ಉದ್ಘಾಟನೆಗೆ ಯಾರನ್ನೂ ಕರೆಯಲಿಲ್ಲ. ಊರವರು ಇನಾಯತುಲ್ಲಾನಿಗೆ ಹೇಳಿ ಕಳಿಸಿದರು. ಅವನು ಬಂದು, ಈ ತುದಿಯಿಂದ ಆ ತುದಿಗೆ ನಡೆದ. ನಡುವೆ ನಿಂತು ಎರಡು ಸಲ ಎಗರಿದ.

"ಮುರ್ದಾಕ್ಬುಟ್ಟೀಯ ಕಣ್ಲಾ!" ಹೊನ್ನಪ್ಪ ದಂಡೆಯಿಂದ ಕಿರುಚಿದ.

"ನೋಡ್ಬೇಕಲ್ಲಪ್ಪ!"

ಕೆಳಗೆ ಹಳ್ಳ ತುಂಬಿ ಕೆಂಪಗೆ ಹರಿಯುತ್ತಿತ್ತು. ದೊಡ್ಡತಾಯಮ್ಮ ಎದುರಿನಿಂದ ಕ್ಯಾನು ಹೊತ್ತು, ಸೀರೆಯ ನಿರಿಗೆ ಪಾದದ ತನಕ ಇಳಿಬಿಟ್ಟು, ಒಣಕಾಲಿನಲ್ಲಿ ನಡೆದು ಬಂದಳು. ನಡುವೆ ನಿಂತು ಕ್ಯಾನು ಇಳಿಸಿ, ಹಾಲಿನ ನೊರೆ ಅಂಟಿದ ಕೈ ಮುಂದೆ ಚಾಚಿದಳು.

ಇನಾಯತುಲ್ಲಾ ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡ.

"ಒರುಸ್ಕೊಳಾಕಿಲ್ವಾ ಸಾಬ್ರೆ?" ಅವಳ ಕಣ್ಣಿನಲ್ಲಿ ತುಂಟತನವಿತ್ತು.

ಅವನು ದಂಡೆಯ ಆಟೋಗೆ ಮರಳಿ, ಆ ಒದ್ದೆ ಕೈಯಲ್ಲೇ ಮೈಕು ಎತ್ತಿಕೊಂಡ. ಆಚೆ ದಂಡೆಯ ಗದ್ದೆಯಲ್ಲಿ ನಾಟಿ ಹಾಕುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಂತರು.