ಗಿಟುಕು ಮೇಷ್ಟ್ರು

ಮೇಷ್ಟ್ರ ಎಡಗೈಯ ಬೆರಳ ತುದಿಗಳು ಕರಟದಷ್ಟು ಗಟ್ಟಿಯಾಗಿದ್ದವು. ನಾನು ಸೆರಗು ಸುತ್ತಿ ಹಿಡಿಯಬೇಕಾದ ಕಾಫಿ ಲೋಟವನ್ನು ಅವರು ಆ ತುದಿಗಳಲ್ಲೇ ಆರಾಮವಾಗಿ ಹಿಡಿದು ಕೂತಿರುತ್ತಿದ್ದರು. ಸಿಟ್ಟು ಬಂದರೆ ಅವೇ ಬೆರಳುಗಳಿಂದ ಆರ್ಕೆಸ್ಟ್ರಾದ ನಮ್ಮೆಲ್ಲರ ನೆತ್ತಿಯ ಮೇಲೆ ಕುಟ್ಟುತ್ತಿದ್ದರು. ಸಿಟ್ಟು ದಿನಾ ಬರುತ್ತಿತ್ತು.

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕಂತೆ. ಹಾಗಾದರೆ ನಾನು ಬಾಯಿ ಹೊಲಿದುಕೊಂಡು ಕೂರಬೇಕಾಗುತ್ತದೆ. ಅವರು ಒಳ್ಳೆಯವರಾಗಿರಲಿಲ್ಲ. ಅವರಿಗೆ ಒಳ್ಳೆಯದನ್ನು ಮಾಡಿದವರೂ ನಮ್ಮೂರಲ್ಲಿ ಯಾರೂ ಇರಲಿಲ್ಲ.

ತಿಪಟೂರಿನ ಕೊಬ್ಬರಿ ಮಂಡಿಯವರ ಮನೆಯ ಕಿರಿಯ ಮಗ ಅವರು. ಹರೆಯದಲ್ಲೇ ಬೆಂಗಳೂರಿನ ದಂಡಿನ ಕಡೆ ಓಡಿಹೋಗಿ, ಹೋಟೆಲುಗಳಲ್ಲಿ ಇಂಗ್ಲಿಷ್ ಹಾಡು ನುಡಿಸುವ ಬ್ಯಾಂಡೊಂದನ್ನು ಸೇರಿ, ಊಟಿ, ಬೊಂಬಾಯಿ, ಕೋಲಾರದ ಗಣಿ ಕ್ಲಬ್ಬು ಅಂತ ವರ್ಷಗಟ್ಟಲೆ ಗಿಟಾರ್ ಹೊತ್ತು ತಿರುಗಿದರು. ಬ್ಯಾಂಡು ಒಡೆದು, ಭುಜ ಮುಟ್ಟುವ ಕೂದಲು ಬಿಟ್ಟುಕೊಂಡು ಮನೆಗೆ ಬಂದಾಗ ಅಣ್ಣ ಬಾಗಿಲಲ್ಲೇ ತಡೆದು, "ನಮ್ಗೆ ತಕ್ಕಡಿ ಹಿಡಿಯೋನು ಬೇಕು ಕಣಪ್ಪ, ತಂತಿ ಹಿಡಿಯೋನಲ್ಲ" ಅಂದನಂತೆ. ಅವರು ಊರಿನ ಆರ್ಕೆಸ್ಟ್ರಾ ಸೇರಿಕೊಂಡರು. ಗಿಟಾರ್ ಎಂಬ ಹೆಸರು ಆಗಿನ್ನೂ ಜನರ ಬಾಯಿಗೆ ಹತ್ತಿರಲಿಲ್ಲ. ಹತ್ತಿದ್ದದ್ದು ಗಿಟುಕು, ಅಂದರೆ ಅಟ್ಟದ ಮೇಲೆ ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಒಳಗೇ ಗುಡುಗುಡು ಎನ್ನುವ ಕೊಬ್ಬರಿ. ಗಿಟಾರ್ ಮೇಷ್ಟ್ರು ಹೀಗೆ ಗಿಟುಕು ಮೇಷ್ಟ್ರಾದರು. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ.

ನನ್ನಮ್ಮ ಮಂಡಿಯಲ್ಲಿ ಕಾಯಿ ಒಡೆಯುವ ಕೂಲಿ. ಆರ್ಕೆಸ್ಟ್ರಾಕ್ಕೆ ಹೆಣ್ಣುದನಿ ಬೇಕಂತೆ ಎಂದು ಕೇಳಿ, ನನ್ನ ತಲೆಗೆ ಚೆನ್ನಾಗಿ ಎಣ್ಣೆ ಹಚ್ಚಿ ಕರೆದುಕೊಂಡು ಹೋದಳು. ನಾನು ಪಲ್ಲವಿ ಮುಗಿಸುವಷ್ಟರಲ್ಲಿ ಮೇಷ್ಟ್ರು ಕೈಯೆತ್ತಿದರು.

"ಹಾಡ್ತಿದ್ದೀಯೋ, ಕಾಯಿ ತುರೀತಿದ್ದೀಯೋ?"

ಅಮ್ಮನ ಮುಖ ಸಣ್ಣದಾಯಿತು. ಅವರು ಅಷ್ಟಕ್ಕೇ ಬಿಡಲಿಲ್ಲ. "ಎಣ್ಣೆ ಕೈಯಲ್ಲಿ ನನ್ನ ಗಿಟಾರ್ ಮುಟ್ಟುದ್ರೆ ಕೈ ಮುರೀತೀನಿ. ನಾಳೆ ತಲೆ ತೊಳ್ಕೊಂಡು ಬಾ" ಎಂದರು. ಅದು ಅವರು ನನ್ನನ್ನು ಸೇರಿಸಿಕೊಂಡ ರೀತಿ.

ಮಾಯಸಂದ್ರದಲ್ಲಿ ನನ್ನ ಮೊದಲ ಕಾರ್ಯಕ್ರಮ. ಹಾಡಿಗೆ ಶ್ರುತಿ ಹಿಡಿದುಕೊಡುವವರು ಅವರೇ. ಅಭ್ಯಾಸ ಮಾಡಿದ್ದಕ್ಕಿಂತ ಎತ್ತರದ ಶ್ರುತಿಯಲ್ಲಿ ಶುರುಮಾಡಿಬಿಟ್ಟರು. ಹಾರ್ಮೋನಿಯಂನವನಿಗೆ ಮೊದಲೇ ಹೇಳಿದ್ದರು, ನನಗೆ ಮಾತ್ರ ಹೇಳಿರಲಿಲ್ಲ. ಚರಣದಲ್ಲಿ ನನ್ನ ದನಿ ಒಡೆದು, ಜನ ಹೋ ಎಂದು ಕೂಗಿದರು. ಇಳಿದು ಬಂದು ಅಳುತ್ತಿದ್ದರೆ ಪಕ್ಕದಲ್ಲಿ ಕೂತು ಬೀಡಿ ಹಚ್ಚಿದರು. "ಮೇಲೆ ಇನ್ನೂ ದನಿ ಐತೆ ನಿಂಗೆ. ಬಚ್ಚಿಟ್ಕೊಂಡು ಯಾರಿಗೆ ಕೊಡ್ಬೇಕು ಅಂತಿದ್ದೀಯ?" ಎಂದರು. ನನಗೆ ಕೊಲ್ಲುವಷ್ಟು ಕೋಪ ಬಂದಿತ್ತು. ಆದರೆ ದನಿ ಇದ್ದದ್ದು ನಿಜ. ಆಮೇಲೆ ಅಷ್ಟು ವರ್ಷ ಅನ್ನ ಹಾಕಿದ್ದು ಆ ಮೇಲಿನ ದನಿಯೇ.

ಸಿನಿಮಾ ಹಾಡಿನ ನಡುವೆ ಗಿಟಾರಿನ ತುಣುಕು ಬಂದಾಗ ಅವರು ಇದ್ದದ್ದನ್ನು ಇದ್ದ ಹಾಗೆ ನುಡಿಸಿದವರಲ್ಲ. ಕೊನೆಯ ಸ್ವರಕ್ಕೆ ಬಂದು ತಂತಿಯನ್ನು ಬೆರಳಲ್ಲಿ ಪಕ್ಕಕ್ಕೆ ಜಗ್ಗುತ್ತಿದ್ದರು. ಸ್ವರ ನರಳುತ್ತ ಮೇಲೇರಿ, ಇನ್ನೇನು ಸೇರಬೇಕಾದಲ್ಲಿ ಸೇರದೆ ನಿಲ್ಲುತ್ತಿತ್ತು. ಬಿಳಿಗೆರೆಯಲ್ಲಿ ಅಜ್ಜನೊಬ್ಬ ವೇದಿಕೆಯ ಹತ್ತಿರವೇ ಬಂದು, "ಯಾಕಪ್ಪ ಅದುನ್ನ ಹಂಗೆ ಹಿಂಸೆ ಮಾಡ್ತೀಯ?" ಎಂದು ಕೇಳಿದ್ದ. ಮೇಷ್ಟ್ರು ಜೋರಾಗಿ ನಕ್ಕಿದ್ದರು. "ಅದುನ್ನ ಬ್ಲೂಸ್ ಅಂತಾರಮ್ಮ, ಅಮೆರಿಕದ ಕರಿಯರ ಗೋಳಿನ ಹಾಡು. ಇಷ್ಟು ಜನದಲ್ಲಿ ಆ ಮುದುಕನ ಕಿವಿಗೊಂದೇ ಬಿದ್ದಿದ್ದು" ಎಂದು ನನಗೆ ಹೇಳಿದರು. ಚಿಕ್ಕನಾಯಕನಹಳ್ಳಿಯಲ್ಲಿ ಒಮ್ಮೆ ಹಾಡು ಬಿಟ್ಟು ಬರೀ ಅದನ್ನೇ ನುಡಿಸಲು ಹೋದರು. ಎಳನೀರಿನ ಬುರುಡೆ ಹಾರಿಬಂದು ಡ್ರಮ್ಮಿಗೆ ಬಡಿಯಿತು. "ಗುರಿನೂ ಇಲ್ಲ ನನ್ಮಕ್ಕಳಿಗೆ" ಎಂದು ಸಿನಿಮಾ ಹಾಡಿಗೆ ತಿರುಗಿಕೊಂಡರು.

ಆಮೇಲೆ ಮನೆಮನೆಗೂ ಕ್ಯಾಸೆಟ್ ಬಂತು, ಜನಕ್ಕೆ ಹಾಡೆಲ್ಲ ಬಾಯಿಪಾಠವಾಯಿತು. ಕ್ಯಾಸೆಟ್ಟಿನಲ್ಲಿ ಇಲ್ಲದ್ದನ್ನು ನುಡಿಸಿದರೆ ತಪ್ಪು ನುಡಿಸಿದ ಎಂದೇ ಅರ್ಥ. ಆರ್ಕೆಸ್ಟ್ರಾದ ಯಜಮಾನ ಕೀಬೋರ್ಡ್ ಕೊಂಡು, ಅದನ್ನು ನುಡಿಸಲು ಹಾಸನದ ಹುಡುಗನೊಬ್ಬನನ್ನು ತಂದ. ಗುಂಡಿ ಒತ್ತಿದರೆ ಪಿಟೀಲು, ಇನ್ನೊಂದು ಒತ್ತಿದರೆ ಕೊಳಲು, ಮತ್ತೊಂದು ಒತ್ತಿದರೆ ಗಿಟಾರು. ಆದರೆ ಅದು ನೋಡಲು ಇಸ್ತ್ರಿ ಮೇಜಿನ ಹಾಗೆ. ಕುತ್ತಿಗೆಗೆ ಗಿಟಾರ್ ನೇತುಹಾಕಿಕೊಂಡವನೊಬ್ಬ ಮುಂದೆ ನಿಲ್ಲದಿದ್ದರೆ ಮದುವೆ ಮನೆಯವರು ಆರ್ಕೆಸ್ಟ್ರಾ ಎಂದು ಒಪ್ಪುತ್ತಿರಲಿಲ್ಲ. ಯಜಮಾನ ಎರಡಕ್ಕೂ ಒಂದೇ ದಾರಿ ಹುಡುಕಿದ. "ಮೇಷ್ಟ್ರೇ, ನೀವು ನಿಂತ್ಕಳಿ, ಸಾಕು. ವೈರ್ ಹಾಕದು ಬ್ಯಾಡ" ಎಂದ, ನಮ್ಮೆಲ್ಲರ ಎದುರಿಗೇ.

ಅವರು ಗಿಟಾರನ್ನು ಅವನ ತಲೆಗೆ ಬೀಸುತ್ತಾರೆ ಎಂದುಕೊಂಡೆ. ಬೀಸಿದ್ದರೆ ನಾನು ತಡೆಯುತ್ತಿರಲಿಲ್ಲ. ಅವರು ಹೂಂ ಎಂದರು.

"ಯಾಕೆ ಮೇಷ್ಟ್ರೇ ಒಪ್ಕೊಂಡ್ರಿ?" ಎಂದು ವ್ಯಾನಿನಲ್ಲಿ ಕೇಳಿದೆ.

"ಮನೇಲಿ ನುಡಿಸುದ್ರೆ ಪಕ್ಕದೋರು ಬೈತಾರೆ ಕಣಮ್ಮ. ಇಲ್ಲಿ ಬೈಯೋರಿಲ್ಲ. ಯಾರ್ಗೂ ಕೇಳ್ಸಕಿಲ್ವಲ್ಲ."

ಯಾರಿಗೂ ಎಂದರೆ ಪೂರ್ತಿ ನಿಜವಲ್ಲ. ವೈರ್ ಇಲ್ಲದ ಕರೆಂಟ್ ಗಿಟಾರಿನ ಸದ್ದು ಮೊಳದಾಚೆ ಹೋಗದು. ಆದರೆ ನಾನು ನಿಲ್ಲುತ್ತಿದ್ದದ್ದು ಆ ಮೊಳದೊಳಗೆ. ಸ್ಪೀಕರುಗಳ ಬಾಯಿ ಜನರ ಕಡೆಗಿತ್ತು. ಮೊದಮೊದಲು ನನಗೂ ಕೇಳಿಸಲಿಲ್ಲ, ಬರಬರುತ್ತ ಕಿವಿ ತಾನೇ ಹುಡುಕಿಕೊಂಡಿತು. ಅವರು ಒಂದು ಸ್ವರವನ್ನೂ ಬಿಡುತ್ತಿರಲಿಲ್ಲ. ಕೊನೆಯಲ್ಲಿ ಆ ಜಗ್ಗುವುದನ್ನೂ ಬಿಡುತ್ತಿರಲಿಲ್ಲ. ಕೀಬೋರ್ಡ್ ಏನು ನುಡಿಸಿದರೂ ನಾನು ಹಾಡು ಎತ್ತಿಕೊಳ್ಳುತ್ತಿದ್ದದ್ದು ಅವರು ಜಗ್ಗಿದ ತಂತಿ ಸಡಿಲವಾದಾಗಲೇ. ಇದನ್ನು ನಾನು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ನೆತ್ತಿಯ ಮೇಲೆ ಕುಟ್ಟುತ್ತಿದ್ದರು.

ತುರುವೇಕೆರೆಯ ಒಂದು ಆರತಕ್ಷತೆಯಲ್ಲಿ, ಸಂಜೆ, ಹಾಡಿನ ನಡುವೆ ಕೀಬೋರ್ಡ್ ಕೆಟ್ಟು ನಿಂತಿತು. ಡ್ರಮ್ಮು ಬಾರಿಸುತ್ತಿದೆ, ದೀಪವೆಲ್ಲ ಉರಿಯುತ್ತಿದೆ, ಬಂದಿರುವುದು ಗಿಟಾರಿನ ತುಣುಕು. ಮೇಷ್ಟ್ರು ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ವಾಲಿಸಿ ನುಡಿಸುತ್ತಿದ್ದಾರೆ, ಸದ್ದೇ ಇಲ್ಲ. ಛತ್ರದವರೆಲ್ಲ ತಲೆ ಎತ್ತಿ ವೇದಿಕೆಯತ್ತ ನೋಡಿದರು. ಆಮೇಲೆ ಹಿಂದಿನಿಂದ ಒಬ್ಬ ಕೂಗಿದ:

"ಲೇ, ಗಿಟುಕು ಅಲ್ಲಾಡ್ಸುದ್ರೂ ಸದ್ದೇ ಬತ್ತಿಲ್ಲ ಕಣ್ರಲಾ! ಒಳಗೆ ಕೊಳ್ತೋಗೈತೆ!"

ಕೊಬ್ಬರಿಯವರ ಸೀಮೆಯಲ್ಲಿ ಈ ಮಾತನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮದುಮಗಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಯಜಮಾನನೂ ನಕ್ಕ. ಅವರು ನಿಲ್ಲಿಸಲಿಲ್ಲ. ನಾನು ತಡೆಯಲಾರದೆ ನನ್ನ ಮೈಕನ್ನು ಅವರ ತಂತಿಗಳ ಹತ್ತಿರ ಹಿಡಿದೆ. ತಗಡು ಕೆರೆದಂಥ ಸದ್ದು ಛತ್ರದ ತುಂಬ ಬಂತು, ನಗು ಇನ್ನೂ ಜೋರಾಯಿತು. ಅವರು ಕಣ್ಣು ಬಿಟ್ಟು, ಮೊಣಕೈಯಿಂದ ಮೈಕನ್ನು ನೂಕಿದರು.

"ಕರುಣೆ ತೋರ್ಸಕ್ಕೆ ಬರಬ್ಯಾಡ. ಹಾಡು ನಿನ್ನ ಕೆಲ್ಸ. ಹಾಡು."

ಹಾಡಿದೆ. ಸರಿಯಾದ ಜಾಗಕ್ಕೇ ಬಂದೆ. ಇಷ್ಟೆಲ್ಲ ನಗುವಿನ ನಡುವೆಯೂ ಅವರು ಆ ಜಾಗವನ್ನು ಕೈಬಿಟ್ಟಿರಲಿಲ್ಲ.

ಅದೇ ವರ್ಷದ ಮಾಗಿಯಲ್ಲಿ ಎದೆ ಕಟ್ಟಿ ಸರ್ಕಾರಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಬದುಕಿದ್ದಾಗ ಬಾಗಿಲಲ್ಲಿ ತಡೆದ ಅಣ್ಣ ಹೆಣವನ್ನು ಮಾತ್ರ ಮನೆಯೊಳಗೆ ಬಿಟ್ಟುಕೊಂಡ. "ನಮ್ಮ ಮನೆಯಿಂದ ಹಿಂಗೆ ಕಳ್ಸಕಾಗಲ್ಲ" ಎಂದು ಕ್ಷೌರಿಕನನ್ನು ಕರೆಸಿ ಆ ಕೂದಲಿಗೆಲ್ಲ ಕತ್ತರಿ ಹಾಕಿಸಿದ. ಮಣ್ಣು ಮಾಡುವ ಹೊತ್ತಿಗೆ ಅವರು ಯಾವುದೋ ಮಂಡಿಯ ಗುಮಾಸ್ತನ ಹಾಗೆ ಕಾಣುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ನಮ್ಮಂಥವರ ಮಾತು ಆ ಮನೆಯಲ್ಲಿ ನಡೆಯುವುದಿಲ್ಲ.

ಮರುವಾರವೇ ಅರಳಗುಪ್ಪೆಯಲ್ಲಿ ಕಾರ್ಯಕ್ರಮ. ಯಜಮಾನ ಶಾಮಿಯಾನ ಕಟ್ಟಲು ಬಂದಿದ್ದ ಚೆಂದದ ಆಳೊಬ್ಬನ ಕುತ್ತಿಗೆಗೆ ಗಿಟಾರ್ ನೇತುಹಾಕಿದ. ತಂತಿ ಮುಟ್ಟುವುದು ಹೇಗೆಂದೂ ಅವನಿಗೆ ಗೊತ್ತಿರಲಿಲ್ಲ. ಸೊಂಟ ಕುಣಿಸುವುದು ಗೊತ್ತಿತ್ತು. ಮೇಷ್ಟ್ರಿಗೆ ಯಾವತ್ತೂ ಬೀಳದಷ್ಟು ಶಿಳ್ಳೆ ಅವನಿಗೆ ಬಿತ್ತು. ಗಿಟಾರಿನ ತುಣುಕನ್ನು ಕೀಬೋರ್ಡ್ ಕ್ಯಾಸೆಟ್ಟಿನಲ್ಲಿ ಇದ್ದ ಹಾಗೆಯೇ ನುಡಿಸಿ ಮುಗಿಸಿತು. ನಾನು ಕಾದೆ. ಪಕ್ಕದಲ್ಲಿ ಏನೂ ಕೇಳಿಸಲಿಲ್ಲ. ಎಲ್ಲಿ ಎತ್ತಿಕೊಳ್ಳಬೇಕೆಂದು ತಿಳಿಯದೆ ತಪ್ಪು ಜಾಗದಲ್ಲಿ ಬಂದೆ.

ಯಾರಿಗೂ ಗೊತ್ತಾಗಲಿಲ್ಲ. ಒನ್ಸ್ ಮೋರ್ ಎಂದು ಕೂಗಿದರು. ಮತ್ತೆ ಹಾಡಿದೆ, ಮತ್ತೆ ತಪ್ಪಿದೆ.