ಓಡುವವಳ ಹಿಂದಿನ ಸ್ಕೂಟರು

ಇದನ್ನು ಬರೆಯುವುದನ್ನು ಮುಂದಕ್ಕೆ ಹಾಕುತ್ತಲೇ ಎರಡು ಕಬ್ಬಿನ ಬೆಳೆ ಕಳೆದೆ. ಯಾರಾದರೂ ಕೇಳಿದ್ದರೆ ಕಣ್ಣು ಮಂಜು, ಕೈ ನಡುಗುತ್ತೆ, ಮನೆಯಲ್ಲಿ ಟಿವಿ ಗದ್ದಲ ಅನ್ನುತ್ತಿದ್ದೆ. ಯಾರೂ ಕೇಳಲಿಲ್ಲ. ಹೇಳುವಂಥದ್ದು ನನ್ನ ಹತ್ತಿರ ಏನೋ ಇದೆ ಅಂತ ಯಾರಿಗೂ ಗೊತ್ತೇ ಇಲ್ಲ. ನಮ್ಮೂರ ಒಂದು ಹುಡುಗಿ ಬೆಳಗಿನ ಜಾವದ ಕತ್ತಲಲ್ಲಿ ರಸ್ತೆಯ ಮೇಲೆ ಓಡುವಾಗ ಸತ್ತಳು. ಅದರ ತಪ್ಪನ್ನು ಇವತ್ತಿಗೂ ಬೇರೆ ಒಬ್ಬ ಹೊತ್ತುಕೊಂಡಿದ್ದಾನೆ. ಹೊರಬೇಕಾದವನು ನಾನು.

ನಮ್ಮೂರು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಮೇಲಿದೆ. ನನ್ನ ಗದ್ದೆ ರಸ್ತೆಗೆ ಅಂಟಿಕೊಂಡಿದೆ, ಪಂಪಿನ ಮನೆ ರಸ್ತೆಯಿಂದ ನಾಲ್ಕು ಹೆಜ್ಜೆ. ಪಂಪಿಗೆ ಬೇಕಾದ ತ್ರೀ ಫೇಸ್ ಕರೆಂಟನ್ನು ಕರೆಂಟಿನ ಆಫೀಸಿನವರು ಕೊಡುವುದು ಕೋಳಿಯೂ ಏಳದ ಹೊತ್ತಿನಲ್ಲಿ. ಹಾಗಾಗಿ ದಿನಾ ಆ ಹೊತ್ತಿಗೆ ಮೋಟಾರು ಹಾಕಿ, ಟವಲ್ಲು ಹೊದ್ದುಕೊಂಡು ಕಲ್ಲಿನ ಮೇಲೆ ಕೂರುತ್ತಿದ್ದೆ. ಆ ಹುಡುಗಿ ಓಡಿಕೊಂಡು ಹೋಗುತ್ತಿದ್ದುದನ್ನು ದಿನಾ ನೋಡುತ್ತಿದ್ದವನು ಇಡೀ ಊರಲ್ಲಿ ನಾನೊಬ್ಬನೇ.

ಮಂಡ್ಯದ ಕಾಲೇಜಿನಲ್ಲಿ ಓದುತ್ತಿದ್ದಳು. ಅಪ್ಪ ನಮ್ಮ ಹಾಗೇ ಕಬ್ಬು ಬೆಳೆಯುವವನು. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆಯ ಓಟದವರು ಸೇರಿಕೊಂಡು ಒಂದು ಗುಂಪು ಮಾಡಿಕೊಂಡಿದ್ದರಲ್ಲ, ಅದರಲ್ಲಿ ಇವಳೂ ಇದ್ದಳು. ಆ ಗುಂಪನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಗಿಣಿ ಬಣ್ಣದ ಬನಿಯನ್ನು, ಮಂಡಿ ಮೇಲಿನ ಚಡ್ಡಿ, ಎದೆ ಬಡಿತ ಎಣಿಸುವ ಗಡಿಯಾರ. ಮಾಸ್ತರು, ಡಾಕ್ಟರು, ಕಿರುಗಾವಲಿನ ಒಬ್ಬ ಮೆಕ್ಯಾನಿಕ್ ಸಾಬರು, ಎಲ್ಲರೂ ಭಾನುವಾರ ಬೆವರು ಸುರಿಸಿ, ಆಮೇಲೆ ಹೋಟೆಲಿನ ಮುಂದೆ ಸಾಲಾಗಿ ನಿಂತು ಹೆಬ್ಬೆರಳು ಎತ್ತಿ ಫೋಟೋ ತೆಗೆಸಿಕೊಳ್ಳುವುದು. ನಾಟಿ ಗದ್ದೆಗೆ ಬನ್ನಿ, ಅಲ್ಲಿಯೂ ಬೆವರು ಬರುತ್ತೆ ಅಂತ ನನಗೆ ನಾನೇ ಹೇಳಿಕೊಂಡು ನಗುತ್ತಿದ್ದೆ. ಈಗಲೂ ಆ ವೇಷ ಕಂಡರೆ ನಗು ಬರುತ್ತೆ. ಸುಳ್ಳು ಯಾಕೆ ಹೇಳಲಿ.

ಆ ಗುಂಪಿನಲ್ಲೇ ಒಬ್ಬ ಬ್ಯಾಂಕಿನ ಗುಮಾಸ್ತ. ಮದ್ದೂರಿನಲ್ಲಿ ಮನೆ. ಮಂಡಿ ಸವೆದು ಓಡುವುದು ಅವನ ಕೈಲಿ ಆಗುತ್ತಿರಲಿಲ್ಲ. ಬೋಳು ತಲೆ, ಮುಂದಕ್ಕೆ ಬಂದ ಹೊಟ್ಟೆ, ಆದರೂ ಅದೇ ಗಿಣಿ ಬಣ್ಣದ ಬನಿಯನ್ನು. ಹುಡುಗಿ ನಮ್ಮ ರಸ್ತೆಯಲ್ಲಿ ಕತ್ತಲಲ್ಲೇ ಓಡಬೇಕಿತ್ತು, ಇಲ್ಲದಿದ್ದರೆ ಕಾಲೇಜಿನ ಬಸ್ಸು ತಪ್ಪುತ್ತಿತ್ತು. ಅದಕ್ಕೆ ಇವನು ತನ್ನ ಹಳೇ ಸ್ಕೂಟರು ತಂದು, ಅವಳ ಹಿಂದೆ ದೂರದಲ್ಲಿ ನಿಧಾನಕ್ಕೆ ಲೈಟು ಹಾಕಿಕೊಂಡು ಬರುತ್ತಿದ್ದ. ಬೆಳಕು ಅವಳ ಕಾಲ ಮುಂದೆ ಬೀಳಬೇಕು, ಹಿಂದಿನಿಂದ ಬರುವ ಗಾಡಿಗೆ ಇವನು ಮೊದಲು ಕಾಣಬೇಕು, ಅಷ್ಟೇ ಲೆಕ್ಕ. ಅವನು ಅವಳ ಪಕ್ಕಕ್ಕೆ ಬಂದುದನ್ನು ನಾನು ಒಂದು ದಿನವೂ ನೋಡಿಲ್ಲ. ಅವಳು ಊರಾಚೆಯ ಸೇತುವೆ ಮುಟ್ಟಿ ತಿರುಗಿದರೆ ಇವನೂ ತಿರುಗಿಸುತ್ತಿದ್ದ. ಊರು ಬಂದ ಕೂಡಲೇ ಒಂದು ಸಲ ಹಾರನ್ ಒತ್ತಿ ಹೊರಟುಬಿಡುತ್ತಿದ್ದ. ಪಂಪಿನ ಮನೆ ದಾಟುವಾಗ ನನಗೂ ಕೈ ಎತ್ತುತ್ತಿದ್ದ. ನಾನು ಎತ್ತುತ್ತಿರಲಿಲ್ಲ.

ಮಂಡ್ಯದಲ್ಲಿ ಯಾವುದೋ ಓಟದಲ್ಲಿ ಅವಳಿಗೆ ಮೆಡಲು ಬಂತು. ಪೇಪರಿನಲ್ಲಿ ಫೋಟೋ. ಅವತ್ತು ಟೀ ಅಂಗಡಿಯಲ್ಲಿ ಅದೇ ಮಾತು. ನಮ್ಮೂರ ಕೀರ್ತಿ, ನಮ್ಮ ಕೂಸು, ಪೊಲೀಸು ಕೆಲಸ ಗ್ಯಾರಂಟಿ. ಹಿಂದಿನ ವಾರ ಅವಳ ಚಡ್ಡಿ ನೋಡಿ ಮೂಗು ಮುರಿದವರೇ ಹೇಳುತ್ತಿದ್ದರು. ನಾನು ಲೋಟ ಹಿಡಿದು ಕೂತಿದ್ದೆ. ನನ್ನ ಕಡೆ ಯಾರೂ ನೋಡುತ್ತಿರಲಿಲ್ಲ. ನನಗೆ ಆ ಹುಡುಗಿಯ ಮೇಲೆ ದ್ವೇಷ ಇತ್ತಾ? ಇರಲಿಲ್ಲ. ಆ ಗುಮಾಸ್ತನ ಮೇಲೆ? ತಾತ್ಸಾರ ಇತ್ತು, ದ್ವೇಷ ಅಲ್ಲ. ನನ್ನ ಬಾಯಿಂದ ಬಂದದ್ದು ಇಷ್ಟು:

"ಮೆಡ್ಲು ಅವ್ಳೊಬ್ಳಿಗೇ ಕೊಟ್ರಾ? ದಿನಾ ಕತ್ಲಲ್ಲಿ ಇಂದ್ಗಡೆ ಲೈಟಾಕ್ಕೊಂಡು ಒಬ್ಬ ಬತ್ತಾನಲ್ಲ, ಅವನ್ಗೂ ಅರ್ಧ ಕೊಡ್ಬೇಕಾಗಿತ್ತು ಕಣ್ಲಾ."

ಸುತ್ತ ಕೂತವರೆಲ್ಲ ನನ್ನ ಕಡೆ ತಿರುಗಿದರು. ಆಮೇಲೆ ಒಬ್ಬ, "ಯಾವನ್ಲಾ ಅವ್ನು?" ಅಂದ.

"ನಂಗೇನ್ಲಾ ಗೊತ್ತು? ತಲೆ ಮಾತ್ರ ಹೊಳೀತದೆ, ಲೈಟೇ ಬೇಡ ಅವನ್ಗೆ."

ಅಂಗಡಿ ಪೂರ್ತಿ ನಕ್ಕಿತು. ಟೀ ಅಂಗಡಿಯವನು ಸೌಟು ಹಿಡಿದುಕೊಂಡೇ ನಕ್ಕ. "ಅಣ್ಣ, ನೀನು ದಿನಾ ಕಣ್ಣಿಟ್ಕೊಂಡು ಕೂತಿದ್ಯಾ ಅನ್ನು," ಅಂದ. ನಾನು ಮೀಸೆ ಒರೆಸಿಕೊಂಡು, "ಮೋಟ್ರು ಕಾಯೋಕೆ ಓಗೋದು ಕಣಪ್ಪ, ಕಣ್ಣಿಗೆ ಬಿದ್ದದ್ದ ಏನ್ಮಾಡ್ಲಿ? ಓಗ್ಲಿ ಬುಡು, ನಮಗ್ಯಾಕೆ ಊರ ಉಸಾಬರಿ," ಅಂದೆ. ಆ ನಗುವೇ ನನ್ನ ಕೂಲಿ. ಹೈಸ್ಕೂಲು ಓದಿದವನು ನಾನು, ಎಸ್ಸೆಸ್ಸೆಲ್ಸಿ ಪಾಸು. ಅಲ್ಲಿ ಕೂತವರಿಗೆಲ್ಲ ಅರ್ಜಿ ಬರೆದುಕೊಟ್ಟವನು. ಆ ಬುದ್ಧಿಯನ್ನು ಬಳಸಿದ್ದು ಇದಕ್ಕೆ.

ನಾನು ಸುಳ್ಳು ಹೇಳಲಿಲ್ಲ ಅಂತ ಬಹಳ ದಿನ ಸಮಾಧಾನ ಮಾಡಿಕೊಂಡೆ. ಲೈಟು ಇತ್ತು, ಸ್ಕೂಟರು ಇತ್ತು, ಗಂಡಸು ಇದ್ದ. ಎಷ್ಟು ದೂರದಲ್ಲಿ ಇರುತ್ತಿದ್ದ ಅನ್ನುವುದನ್ನು ಮಾತ್ರ ನುಂಗಿಕೊಂಡೆ. ಮಾತು ಊರು ಸುತ್ತುವಾಗ ತಾನೇ ಮೈ ತುಂಬಿಕೊಂಡಿತು. ಹಾಲಿನ ಡೇರಿಗೆ ಮುಟ್ಟುವಷ್ಟರಲ್ಲಿ ಅವನು ಸೇತುವೆ ಹತ್ತಿರ ಅವಳನ್ನು ಹತ್ತಿಸಿಕೊಂಡು ಹೋಗುತ್ತಾನೆ ಅಂತ ಆಗಿತ್ತು. ಹೆಂಗಸರ ಬಾಯಿಗೆ ಬೀಳುವಷ್ಟರಲ್ಲಿ ಇನ್ನೂ ಏನೇನೋ. ಮಾತಿನ ಮೂಲ ನಾನು ಅನ್ನುವುದು ಎಲ್ಲರಿಗೂ ಮರೆತೇಹೋಯಿತು.

ಒಂದು ಬೆಳಗ್ಗೆ ಹುಡುಗಿ ಮುಂದೆ ಓಡಿಹೋದ ಮೇಲೆ, ಅವಳ ಅಪ್ಪ ನನ್ನ ಪಂಪಿನ ಮನೆಯ ಎದುರಿಗೇ ಸ್ಕೂಟರನ್ನು ಅಡ್ಡ ಹಾಕಿದ. ನಾನು ಒಳಗೆ ಸ್ಟಾರ್ಟರಿನ ಹತ್ತಿರ ಇದ್ದೆ. ಮೋಟಾರಿನ ಸದ್ದು ಇದ್ದರೂ ಅವನ ಮಾತು ಕೇಳಿಸಿತು.

"ಸಾ, ನಾಳಿಂದ ಬರ್ಬ್ಯಾಡಿ. ಊರೊಳ್ಗೆ ಒಂದು ಮಾತೆದ್ದದೆ. ನೀವು ಒಳ್ಳೇರು ಅಂತ ನಂಗೊತ್ತು. ಎಣ್ಮಗೀನ ಅಪ್ಪ ನಾನು, ಏನ್ಮಾಡ್ಲಿ ಏಳಿ."

"ಏನು ಮಾತು ಗೌಡ್ರೇ?"

"ಅದ ನನ್ ಬಾಯಲ್ಲಿ ಏಳುಸ್ಬ್ಯಾಡಿ. ನಿಮ್ ಓಟದವ್ರಿಗೂ ಏಳ್ಬ್ಯಾಡಿ ಸಾ. ಅವ್ಳ ಹೆಸ್ರು ಬೀದೀಲಿ ಬೀಳ್ತದೆ."

"ಆಯ್ತು. ನಾನು ಯಾರಿಗೂ ಹೇಳಲ್ಲ," ಅಂದ ಗುಮಾಸ್ತ. "ಆದರೆ ಬೆಳಕಾಗೋವರೆಗೂ ಅವಳನ್ನ ರಸ್ತೆಗೆ ಬಿಡಬೇಡಿ." ಗಾಡಿ ತಿರುಗಿಸಿಕೊಂಡು ಹೋದ.

ಅಪ್ಪ ಮಗಳನ್ನು ತಡೆಯಲಿಲ್ಲವೋ, ಅವಳು ಕೇಳಲಿಲ್ಲವೋ, ನನಗೆ ಗೊತ್ತಿಲ್ಲ. ಮಾರನೇ ದಿನದಿಂದ ಅವಳು ಕೈಯಲ್ಲಿ ಮೊಬೈಲಿನ ಬೆಳಕು ಹಿಡಿದುಕೊಂಡು ಒಬ್ಬಳೇ ಓಡಿದಳು. ಮಿಣುಕು ಹುಳದಷ್ಟು ಬೆಳಕು. ಅದನ್ನು ನೋಡಿ ನನಗೆ ಏನನ್ನಿಸಿತು ಅಂತ ಬರೆಯುವುದೇ ಇಷ್ಟು ದಿನ ಆಗದೆ ಇದ್ದದ್ದು. ನನಗೆ ಖುಷಿಯಾಯಿತು. ನಾನು ಒಂದು ಮಾತು ಎಸೆದೆ, ಪ್ಯಾಂಟು ಹಾಕಿದ ಬ್ಯಾಂಕಿನವನೊಬ್ಬ ವಾಪಸ್ಸು ಹೋದ. ನನ್ನ ಮಾತಿಗೆ ಇನ್ನೂ ಬೆಲೆ ಇದೆ ಅಂತ ಕಲ್ಲಿನ ಮೇಲೆ ಕೂತು ಬೀಡಿ ಹಚ್ಚಿದೆ.

ಅವಳಿಗೆ ಬಡಿದದ್ದು ಕಬ್ಬಿನ ಟ್ರ್ಯಾಕ್ಟರು. ಒಂದೇ ಲೈಟು ಉರಿಯುತ್ತಿತ್ತು, ಹಿಂದಿನಿಂದ ಬಂತು. ಸೇತುವೆಯ ಈಚೆಗೆ. ಅಷ್ಟು ಸಾಕು.

ಸಾವಿನ ಮನೆಗೆ ಓಟದವರೆಲ್ಲ ಬಂದರು. ಬಂದವರು ಹೋಗಲಿಲ್ಲ, ಅದೇ ನನಗೆ ಸಿಟ್ಟು. ಹನ್ನೊಂದನೇ ದಿನ ಕಳೆದ ಮೇಲೆ ಅವಳ ನೆನಪಿಗೆ ಅಂತ ಒಂದು ಓಟ ಇಟ್ಟರು. ಬಿಳಿ ಬನಿಯನ್ನಿನ ಎದೆಯ ಮೇಲೆ ಅವಳ ಮುಖ. ಮೇಲೆ ಕ್ಯಾಮೆರಾ ಇರುವ ಹುಳ ಒಂದು ಗುಯ್ ಅಂತ ಹಾರುತ್ತಿತ್ತು. ಮೌನ ಅಂದರು, ಎಲ್ಲರೂ ತಲೆ ಬಗ್ಗಿಸಿದರು, ಅಷ್ಟರಲ್ಲಿ ಯಾರದೋ ಗಡಿಯಾರ ಕುಯ್ ಕುಯ್ ಅಂತ ಕೂಗಿತು. ಓಟ ಶುರು ಮಾಡಿಸಲು ಅವಳ ಅಮ್ಮನ ಕೈಗೆ ಒಂದು ಬಾವುಟ ಕೊಟ್ಟರು. ಆ ತಾಯಿಗೆ ಅದನ್ನು ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ. ನಾಲ್ಕು ಮಡಿಕೆ ಮಡಿಸಿ ಮಡಿಲಲ್ಲಿ ಇಟ್ಟುಕೊಂಡು ಕೂತಳು. ಇವರು ಕಾದು ಕಾದು ತಾವೇ ಓಡಿದರು. ಬುದ್ಧಿ ಇಲ್ಲದ ಜನ ಅಂತ ನಾನು ಬೈದುಕೊಂಡೆ. ಆದರೆ ಆ ಗುಂಪಿನ ಇಬ್ಬರು ಹೆಂಗಸರು ಓಡಲಿಲ್ಲ. ಆ ತಾಯಿಯ ಪಕ್ಕ ನೆಲದ ಮೇಲೇ ಕೂತರು, ಎಲ್ಲರೂ ವಾಪಸ್ಸು ಬರುವವರೆಗೂ.

ಆಮೇಲೆ ಆ ಮನೆಯ ಕಬ್ಬಿಗೆ ಕಟಾವಿನ ಪಾಳಿ ಬಂತು. ಅಪ್ಪ ಹಾಸಿಗೆ ಬಿಟ್ಟು ಏಳುತ್ತಿಲ್ಲ, ಕೂಲಿಯವರು ಸಿಗುತ್ತಿಲ್ಲ. ಭಾನುವಾರ ಓಟದವರೇ ಮಚ್ಚು ಹಿಡಿದು ಬಂದರು. ನಾನು ನೋಡಲು ಹೋದೆ. ನಿಜ ಹೇಳುತ್ತೇನೆ, ನಗುವುದಕ್ಕೆ ಹೋದೆ. ಚಡ್ಡಿಯಲ್ಲಿ ಕಬ್ಬಿನ ಗದ್ದೆಗೆ ಇಳಿದವರನ್ನು ನಾನು ಜನ್ಮದಲ್ಲಿ ಅವತ್ತೇ ನೋಡಿದ್ದು. ಗರಿ ಕೊಯ್ದು ಕಾಲೆಲ್ಲ ಕೆಂಪು ಗೀರು. ಬಗ್ಗಲಾರದೆ ಕಬ್ಬನ್ನು ಮೊಳದುದ್ದ ಮೇಲಕ್ಕೆ ಕಡಿಯುತ್ತಿದ್ದರು.

"ಅಯ್ಯೋ, ಬುಡದಲ್ಲೇ ಸ್ವಾಮಿ ಸಕ್ಕರೆ ಇರೋದು! ಅದನ್ನ ಬಿಟ್ಟು ಸೋಗೆ ಕಡೀತಿದ್ದೀರಲ್ಲ," ಅಂತ ಬದುವಿನ ಮೇಲಿಂದ ಕೂಗಿದೆ.

"ಹಂಗಾದ್ರೆ ತಾವೂ ಇಳೀರಿ ಚಾಚಾ, ಬಗ್ಗಿ ತೋರ್ಸಿ," ಅಂದ ಕಿರುಗಾವಲಿನ ಮೆಕ್ಯಾನಿಕ್. ಎಲ್ಲರೂ ನಕ್ಕರು. ಈ ಸಲ ನಗು ನನ್ನ ಮೇಲೆ.

ಹುಡುಗಿಯ ಅಪ್ಪ ಆ ಹೊತ್ತಿಗೆ ಹೇಗೋ ಎದ್ದು ಗದ್ದೆಗೆ ಬಂದು ಹೊಂಗೆ ಮರದ ಕೆಳಗೆ ಕೂತಿದ್ದ. ಗುಮಾಸ್ತನೂ ಬಂದಿದ್ದ, ಮಂಡಿ ನೋವಿಗೆ ಬಗ್ಗಲಾಗದೆ ಎಲ್ಲರಿಗೂ ನೀರು ಕೊಡುತ್ತಿದ್ದ. ಒಬ್ಬ ಹುಡುಗ, ಸತ್ತವಳ ಜೊತೆ ಓಡುತ್ತಿದ್ದವನು, ಅವನು ಕೊಟ್ಟ ನೀರನ್ನು ತೆಗೆದುಕೊಳ್ಳಲಿಲ್ಲ.

"ಸರ್, ಒಂದು ಲೈಟ್ ಹಿಡ್ಕೊಂಡು ಬರೋಕೆ ಆಗ್ಲಿಲ್ಲ ನಿಮಗೆ. ಆಗಲ್ಲ ಅಂತ ಒಂದು ಮೆಸೇಜ್ ಹಾಕಿದ್ರೆ ನಾವ್ಯಾರಾದ್ರೂ ಬರ್ತಿದ್ವಿ. ಈಗ ನೀರು ಕೊಡ್ತಿದ್ದೀರಾ."

ಅಪ್ಪ ತಲೆ ಎತ್ತಲಿಲ್ಲ, ಟವಲ್ಲನ್ನು ಬಾಯಿಗೆ ಒತ್ತಿಕೊಂಡ. ಗುಮಾಸ್ತ, "ಹೌದಪ್ಪ, ಹೇಳಬೇಕಿತ್ತು," ಅಂದ. ಅಷ್ಟೇ ಅಂದ. ಚೊಂಬು ಹಿಡಿದು ಮುಂದಿನವನ ಹತ್ತಿರ ಹೋದ. ಆ ಮುಂದಿನವನೂ ತೆಗೆದುಕೊಳ್ಳಲಿಲ್ಲ.

ಕೊನೆಗೆ ಬದುವಿನ ಮೇಲಿದ್ದ ನನ್ನ ಹತ್ತಿರ ಬಂದ. ನಾನು ನೀರು ಕುಡಿದೆ. ಅವನು ಮೆಲ್ಲಗೆ, "ನೀವು ದಿನಾ ಅಲ್ಲೇ ಕೂತಿರ್ತಿದ್ರಿ ಯಜಮಾನ್ರೇ. ನಾನು ಎಷ್ಟು ದೂರದಲ್ಲಿ ಬರ್ತಿದ್ದೆ ಅಂತ ನೀವೊಬ್ಬರು ನೋಡಿದ್ದೀರಿ. ಊರಲ್ಲಿ ಯಾವತ್ತಾದ್ರೂ ಆ ಮಾತು ಬಂದರೆ ಅವಳ ಪರವಾಗಿ ಅಷ್ಟು ಹೇಳಿಬಿಡಿ," ಅಂದ.

ತನ್ನ ಪರವಾಗಿ ಹೇಳು ಅನ್ನಲಿಲ್ಲ. ಅವಳ ಪರವಾಗಿ ಅಂದ.

ನಾನು ಅಂದದ್ದು: "ಕತ್ಲಲ್ಲಿ ನಂಗೆ ಕಣ್ಣು ಸರಿಯಾಗಿ ಕಾಣಾಕಿಲ್ಲ ಸಾ."

ಅವನು ಚೊಂಬು ತೆಗೆದುಕೊಂಡು ಹೋದ. ಮಾತು ಎಬ್ಬಿಸಿದವನು ನಾನೇ ಅಂತ ಅವನಿಗೆ ಅವತ್ತೇ ಗೊತ್ತಾಯಿತಾ, ಇಲ್ಲವಾ? ನನಗೆ ಇವತ್ತಿಗೂ ಗೊತ್ತಿಲ್ಲ. ಆ ಸಂಜೆಯಿಂದ ಓಟದವರು ಅವನನ್ನು ದೂರ ಮಾಡಿದರು. ಯಾರೂ ಬೈಯಲಿಲ್ಲ, ಕರೆಯುವುದನ್ನು ಬಿಟ್ಟರು. ಇವರು ಒಳ್ಳೆಯವರು, ಒಪ್ಪುತ್ತೇನೆ. ಆ ಮನೆಯನ್ನು ಇನ್ನೂ ಬಿಟ್ಟಿಲ್ಲ. ಆ ತಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ, ನಮ್ಮ ಕಡೆಯ ಗಾಡಿ, ಟ್ರೇಲರಿಗೆಲ್ಲ ಹೊಳೆಯುವ ಕೆಂಪು ಪಟ್ಟಿ ಅಂಟಿಸಿಕೊಂಡು ತಿರುಗುತ್ತಾರೆ. ಆದರೆ ತಮ್ಮವನೇ ಒಬ್ಬ ಬಾಯಿ ಮುಚ್ಚಿಕೊಂಡು ನಿಂತಾಗ ಯಾಕೆ ಅಂತ ಕೇಳುವಷ್ಟು ವ್ಯವಧಾನ ಅವರಿಗೂ ಇರಲಿಲ್ಲ. ಟೀ ಅಂಗಡಿಯವರಿಗೆ ನಾಚಿಕೆ ಇಲ್ಲ, ಈಗ ಅದೇ ಬಾಯಿಯಲ್ಲಿ ಅವಳನ್ನು ದೇವತೆ ಮಾಡಿದ್ದಾರೆ. ಅವರನ್ನು ಬೈಯುವ ಯೋಗ್ಯತೆ ನನಗಿಲ್ಲ, ಆದರೂ ಬೈಯುತ್ತೇನೆ.

ಮೊನ್ನೆ ಪಿಂಚಣಿಗೆ ಅಂತ ಮದ್ದೂರಿನ ಬ್ಯಾಂಕಿಗೆ ಹೋಗಿದ್ದೆ. ನನ್ನ ಹೆಬ್ಬೆಟ್ಟು ಸವೆದಿದೆ, ಮಿಷನ್ನು ಒಪ್ಪುವುದಿಲ್ಲ. ಕಿಟಕಿಯ ಹುಡುಗಿ ನಾಲ್ಕು ಸಲ ನೋಡಿ ಬೇಜಾರು ಪಟ್ಟುಕೊಂಡಳು. ಆಗ ಒಳಗಿಂದ ಅವನೇ ಎದ್ದು ಕುಂಟುತ್ತ ಬಂದ. ಒದ್ದೆ ಬಟ್ಟೆಯಲ್ಲಿ ನನ್ನ ಬೆರಳು ಒರೆಸಿದ, ಅದನ್ನು ಹಿಡಿದು ಗಾಜಿನ ಮೇಲೆ ಒತ್ತಿದ. "ಅಲ್ಲಾಡಿಸಬೇಡಿ ಯಜಮಾನ್ರೇ. ಇನ್ನೊಂದ್ಸಲ." ನನ್ನ ಬೆರಳು ಅವನ ಕೈಯೊಳಗೆ ಇತ್ತು. ಅಷ್ಟು ಹೊತ್ತಿನಲ್ಲಿ ಎರಡು ಮಾತು ಹೇಳಬಹುದಿತ್ತು. ಮಿಷನ್ನು ಒಪ್ಪಿತು. ಅವನು ಬೆರಳು ಬಿಟ್ಟ. ನಾನು ಎದ್ದು ಬಂದೆ.

ಓಟದ ಗುಂಪಿನವರು ಇದನ್ನು ಓದಲಿ ಅಂತ ಬರೆದಿದ್ದೇನೆ. ಆ ಹುಡುಗಿಯ ಕಾಲಿನ ಮುಂದಿನ ಬೆಳಕನ್ನು ಆರಿಸಿದ್ದು ನನ್ನ ನಾಲಿಗೆ. ಅವನು ಬರದೆ ಇದ್ದದ್ದು ಬರಬೇಡಿ ಅಂತ ಕೈ ಮುಗಿದ ಅಪ್ಪನ ಮಾತಿಗೆ, ಹೇಳದೆ ಇದ್ದದ್ದು ಅವಳ ಹೆಸರಿಗೆ. ಇದನ್ನು ಹೊರಗೆ ಹೇಳಲಾ ಅಂತ ಅವಳನ್ನು ಕೇಳೋಣ ಅಂದರೆ ಅವಳಿಲ್ಲ. ಇರುವವನನ್ನೂ ನಾನು ಕೇಳಿಲ್ಲ. ಮದ್ದೂರಿನ ಬ್ಯಾಂಕಿನಲ್ಲಿ ಒಳಗಿನ ಮೇಜಿನ ಹಿಂದೆ ಕೂರುವ, ಕುಂಟುವ, ಬೋಳು ತಲೆಯ ಗುಮಾಸ್ತ, ನೀವು ಕರೆಯುವುದನ್ನು ಬಿಟ್ಟಿರಲ್ಲ, ಅವನು.