ನಮ್ಮ ರೇಡಿಯೋ ಸಾಕಿದ ಹಕ್ಕಿ

ನನ್ನ ಓರಗಿತ್ತಿಯನ್ನು ಮನೆಯಲ್ಲಿ ಎಲ್ಲರೂ ರೇಡಿಯೋ ಅಂತಲೇ ಕರೆಯುವುದು. ಮದುವೆಯಾದ ಹೊಸದರಲ್ಲಿ ಅವಳ ಗಂಡ, ನನ್ನ ಮೈದುನನೇ ಇಟ್ಟ ಹೆಸರು. ಬೆಳಗ್ಗೆ ಹಾಲು ಕಾಯಿಸುವಾಗ ಶುರುವಾದ ಮಾತು ಮಲಗುವವರೆಗೂ ನಿಲ್ಲುತ್ತಿರಲಿಲ್ಲ. ಒಲೆಯ ಜೊತೆ ಮಾತು, ಪಾತ್ರೆಯ ಜೊತೆ ಮಾತು, ಒಣಗದ ಬಟ್ಟೆಗೆ ಬೈಗುಳ. ನಾನು ಮಾತು ಕಮ್ಮಿಯವಳು. ಅದಕ್ಕೇ ಇರಬೇಕು, ಒಂದೇ ಅಡುಗೆಮನೆಯಲ್ಲಿ ನಾವಿಬ್ಬರೂ ಜಗಳವಿಲ್ಲದೆ ಕಾಲ ಹಾಕಿದೆವು.

ಅಂಥವಳಿಗೆ ಬಾಯಿ ಬಿಡಲೇಬಾರದ ಕೆಲಸ ಸಿಕ್ಕಿತು.

ಅವಳು ಮೃಗಾಲಯದಲ್ಲಿ ಕಸ ಗುಡಿಸುತ್ತಿದ್ದಳು. ಅದರ ಹಿಂಭಾಗದಲ್ಲಿ, ನೋಡಲು ಬರುವ ಜನರನ್ನು ಬಿಡದ ಜಾಗದಲ್ಲಿ, ತಗಡಿನ ಬೇಲಿಯೊಳಗೆ ಒಂದು ಜಾತಿಯ ಹಕ್ಕಿಗಳನ್ನು ಮರಿ ಮಾಡಿಸುತ್ತಿದ್ದರು. ಸಾರಸದ ಬಳಗದ್ದು, ಬೆಳೆದರೆ ಆಳಿನ ಎದೆಯೆತ್ತರ ಬರುವ ಹಕ್ಕಿ. ಹೊರಗೆ ಜವುಗು ನೆಲದಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದಿದ್ದವು. ಮರಿಗಳನ್ನು ದೊಡ್ಡದು ಮಾಡಿ ಮತ್ತೆ ಜವುಗಿಗೆ ಬಿಡುವುದು ಅಲ್ಲಿನ ಡಾಕ್ಟರಮ್ಮನ ಕೆಲಸ. ಮೊಟ್ಟೆಯಿಂದ ಹೊರಬಂದ ಮರಿ ಯಾರ ದನಿ ಕೇಳುತ್ತದೋ ಅವರನ್ನೇ ತಾಯಿ ಎಂದುಕೊಳ್ಳುತ್ತದಂತೆ. ಮನುಷ್ಯರನ್ನು ತಾಯಿ ಎಂದುಕೊಂಡದ್ದು ಹೊರಗೆ ಬಾಳುವುದಿಲ್ಲ. ಉರುಳು ಹಾಕಿ ಕೂತವನ ಹತ್ತಿರಕ್ಕೂ ನಂಬಿ ನಡೆದುಹೋಗುತ್ತದೆ. ಅದಕ್ಕೇ ಮರಿಗಳನ್ನು ನೋಡಿಕೊಳ್ಳುವವರು ಬೂದು ಬಣ್ಣದ ನಿಲುವಂಗಿ ತೊಟ್ಟು, ಮುಖ ಮುಚ್ಚಿಕೊಂಡು, ಒಂದು ಕೈಗೆ ಹಕ್ಕಿಯ ತಲೆಯಂಥ ಗೊಂಬೆ ಹಾಕಿಕೊಂಡು ಒಳಗೆ ಹೋಗಬೇಕು. ಉಣಿಸುವುದು ಗೊಂಬೆಯ ಕೊಕ್ಕಿನಿಂದಲೇ. ಕೆಮ್ಮುವ ಹಾಗಿಲ್ಲ, ಸೀನುವ ಹಾಗಿಲ್ಲ, ಮಾತಂತೂ ಕೂಡದು.

ಮೊದಲು ಇದ್ದವರು ಕೆಲಸ ಬಿಟ್ಟಾಗ ಡಾಕ್ಟರಮ್ಮ ಇವಳ ಕೈಗೆ ಆ ಗೊಂಬೆ ಹಾಕಿ ನೋಡಿದರು. ಕೈಯಾಡಿಸದೆ ಮಾತಾಡಿ ಗೊತ್ತಿಲ್ಲದವಳು ಇವಳು. ಗೊಂಬೆ ಜೀವ ಬಂದಂತೆ ಕತ್ತು ಕೊಂಕಿಸಿತು. ಕೆಲಸ ಇವಳದಾಯಿತು.

ನಿಲುವಂಗಿ ಉದ್ದವಾಗಿತ್ತು. ದರ್ಜಿಯಾದ ನನ್ನ ಮೈದುನ ಅದರ ಅಂಚು ಮಡಚಿ ಹೊಲಿಯುತ್ತ ಕೇಳಿದ, "ಹಾಗೇ ಬಾಯಿಗೂ ಒಂದು ಗುಂಡಿ ಹಾಕ್ಕೊಡ್ಲೇನೇ?"

"ಮೊದ್ಲು ನಿಮ್ಮ ಬಾಯಿಗೆ ಕಾಜಾ ಮಾಡ್ಕೊಳ್ಳಿ, ಆಮೇಲೆ ನಂದು ನೋಡೋಣ."

ಅವನಿಗೆ ಈ ಕೆಲಸವೇ ಒಪ್ಪಿಗೆಯಿರಲಿಲ್ಲ. ನಮ್ಮ ಕೇರಿಯೂ ಹಿಂದೆ ಜವುಗೇ ಆಗಿತ್ತು. ಮಣ್ಣು ತುಂಬಿಸಿ ಮನೆ ಕಟ್ಟಿದ್ದಾರೆ. ಗೋಡೆಯ ಬುಡದಲ್ಲಿ ಇವತ್ತಿಗೂ ತೇವ ಏರುತ್ತದೆ, ಎಷ್ಟು ಸುಣ್ಣ ಬಳಿದರೂ ಉದುರುತ್ತದೆ. ಆ ಗೋಡೆ ತೋರಿಸಿ ಅವನು ಅನ್ನುತ್ತಿದ್ದ, "ಅವುಗಳ ಜಾಗ ಕಿತ್ಕೊಂಡೋರೂ ನಾವೇ, ಕಾಪಾಡ್ತೀವಿ ಅಂತ ಹೊರಟೋರೂ ನಾವೇ. ಮಗೂನ ಚಿವುಟಿ ತೊಟ್ಟಿಲು ತೂಗೋದು ಅಂದ್ರೆ ಇದೇ."

"ಚಿವುಟಿದ್ದಂತೂ ಆಯ್ತಲ್ಲ, ಈಗ ತೂಗೋದೂ ಬೇಡ ಅಂತೀರಾ?"

ಅವನು ಮತ್ತೆ ಮಿಷನ್ ತುಳಿಯತೊಡಗಿದ.

ಹೋಗಹೋಗುತ್ತ ಅವಳಿಗೆ ಆ ಕೆಲಸ ಒಗ್ಗಿತು. ಹಗಲೆಲ್ಲ ತಡೆದುಕೊಂಡ ಮಾತು ಸಂಜೆ ತೂಬು ಕಿತ್ತ ಹಾಗೆ ನುಗ್ಗುತ್ತಿತ್ತು. ಯಾವ ಮರಿ ಮೊದಲ ಮೀನು ತಾನೇ ಹಿಡಿಯಿತು, ಯಾವುದು ತನ್ನ ನೆರಳಿಗೇ ಬೆದರಿತು, ಎಲ್ಲವೂ ನನಗೆ ಬಾಯಿಪಾಠವಾಗಿತ್ತು.

ಒಂದು ಸಂಜೆ ಮಾತ್ರ ಅವಳು ಬಂದು ಸುಮ್ಮನೆ ನನ್ನೆದುರು ಕೂತು ಬಟಾಣಿ ಸುಲಿಯತೊಡಗಿದಳು. ಕಾಳನ್ನು ಸಿಪ್ಪೆಗೆ ಹಾಕುತ್ತಿದ್ದಳು, ಸಿಪ್ಪೆಯನ್ನು ಪಾತ್ರೆಗೆ. ನಾನು ಪಾತ್ರೆ ಪಕ್ಕಕ್ಕಿಟ್ಟೆ.

"ಅಕ್ಕ, ನಾನು ಒಂದು ಮರಿ ಹತ್ರ ಮಾತಾಡ್ಬಿಟ್ಟಿದೀನಿ."

ಎಲ್ಲಕ್ಕಿಂತ ಕೊನೆಗೆ ಹುಟ್ಟಿದ ಮರಿಯಂತೆ. ಗೊಂಬೆ ಕೊಟ್ಟದ್ದನ್ನು ಮುಟ್ಟದೆ ಕತ್ತನ್ನು ನೆಲಕ್ಕೆ ಚೆಲ್ಲಿ ಮಲಗಿತ್ತಂತೆ. ಡಾಕ್ಟರಮ್ಮ ಸೂಜಿ ಹಾಕಿ, ಇನ್ನು ಇದರ ಆಯಸ್ಸು ಗಟ್ಟಿಯಿದ್ದರೆ ಉಳಿದೀತು ಅಂದುಬಿಟ್ಟಿದ್ದರು. ಇವಳು ಒಬ್ಬಳೇ ಇದ್ದಾಗ, ಊಟ ಬೇಡವೆಂದು ಹಟ ಹಿಡಿದ ಮಕ್ಕಳಿಗೆ ಹೇಳುವ ಮಾತೇ ಬಾಯಿಂದ ಬಂತು: "ಒಂದೇ ಒಂದು ತುತ್ತು, ನನ್ ಚಿನ್ನ. ಒಂದೇ ಒಂದು."

"ಕಣ್ಣು ಬಿಡ್ತು ಕಣಕ್ಕ. ಕತ್ತು ಎತ್ತಕ್ಕೆ ಆಗ್ದೇ ಇದ್ದದ್ದು ಎತ್ತಿ, ತಿಂತು. ಆಮೇಲೆ ಅದಕ್ಕೆ ಶಕ್ತಿ ಬರೋವರ್ಗೂ ದಿನಾ ಪಿಸುಪಿಸು ಅಂತ ಮಾತಾಡ್ದೆ. ಬೇರೆ ಮರಿಗಳಿಗೆ ಕೇಳಿಸ್ದೇ ಇರೋ ಹಾಗೆ."

ಈಗ ಅದು ಎಲ್ಲಕ್ಕಿಂತ ಎತ್ತರ ಬೆಳೆದಿತ್ತು. ಬಿಡುವ ದಿನ ಹತ್ತಿರ ಬಂದಿತ್ತು. ಮಾರನೆಯ ದಿನ ಪರೀಕ್ಷೆ: ಹೊಸಬರು ಮಾಮೂಲಿ ಬಟ್ಟೆಯಲ್ಲಿ ಒಳಗೆ ಹೋಗಿ ಕೂಗಿ ಗದ್ದಲ ಮಾಡುತ್ತಾರೆ. ಓಡಿದ ಹಕ್ಕಿ ಜವುಗಿಗೆ, ಓಡದ್ದು ಪಂಜರಕ್ಕೆ.

"ಅದೂ ಓಡತ್ತೆ ಅಕ್ಕ. ಬೇರೆಯವರು ಅಂದ್ರೆ ಅದಕ್ಕೂ ಭಯಾನೇ. ಯಾರಿಗೂ ಗೊತ್ತಾಗಲ್ಲ."

"ಮತ್ತೆ ನಿಂಗೇನು ಸಂಕಟ?"

"ಜವುಗಿನ ಹತ್ರ ಹುಲ್ಲು ಕೊಯ್ಯಕ್ಕೆ ಹೆಂಗಸರು ಬರ್ತಾರಲ್ಲ. ಅದ್ರಲ್ಲಿ ಯಾರೋ ಒಬ್ಬಳು ಕಂಕುಳ ಕೂಸಿಗೆ ಹೀಗೇ 'ಚಿನ್ನ' ಅಂತಿರ್ತಾಳೆ. ಇದು ನಾನೇ ಅಂದ್ಕೊಂಡು ಹೋಗಿ ಸಿಕ್ಕಿಬಿದ್ರೆ? ಹೇಳಿದ್ರೆ ಇರೋವರ್ಗೂ ಪಂಜರ, ಹೇಳದಿದ್ರೆ ಉರುಳು. ಎರಡನ್ನೂ ಕಟ್ಟಿದ್ದು ನಾನೇ."

ಪಕ್ಕದ ಕೋಣೆಯಲ್ಲಿ ಮಿಷನ್ ನಿಂತಿತ್ತು. ಮೈದುನ ಹೊಸ್ತಿಲಿಗೆ ಬಂದ. "ರೆಕ್ಕೆ ಇರೋದನ್ನ ಹಾರಕ್ಕೆ ಬಿಡೇ. ನಾಕು ದಿನ ಬದುಕಿದ್ರೂ ಹಾರ್ಕೊಂಡು ಬದುಕ್ಲಿ."

"ನಾಕು ದಿನ ಅನ್ನೋದು ನಿಮಗೆ ಸಲೀಸು ರೀ. ನೆಲಕ್ಕೆ ಚೆಲ್ಲಿದ್ದ ಆ ಕತ್ತನ್ನ ನೀವು ನೋಡಿಲ್ಲ." ನನ್ನ ಕಡೆ ತಿರುಗಿದಳು. "ನೀವೇನಂತೀರಕ್ಕ?"

"ಯಾವ್ದು ಸರಿ ಅಂತ ನಂಗೆ ಗೊತ್ತಿಲ್ಲ ಕಣೆ. ಆದ್ರೆ ಡಾಕ್ಟರಮ್ಮನಿಗೆ ತಿಳೀದೇ ಬಿಡೋದು ಬೇಡ."

ಅವಳು ಸಿಪ್ಪೆಯಲ್ಲಿ ಬಿದ್ದ ಕಾಳುಗಳನ್ನು ಒಂದೊಂದಾಗಿ ಹೆಕ್ಕಿದಳು.

ಪರೀಕ್ಷೆಯಲ್ಲಿ ನಡೆದದ್ದನ್ನು ಅವಳೇ ನನಗೆ ಹೇಳಿದಳು. ಹೊಸಬರು ಚಪ್ಪಾಳೆ ತಟ್ಟಿ ಕೂಗಿದಾಗ ಹಕ್ಕಿಗಳೆಲ್ಲ ರೆಕ್ಕೆ ಬಡಿಯುತ್ತ ಆ ತುದಿಗೆ ಓಡಿದವು. ಅದೂ ಓಡಿತು. ಬೇಲಿಯಾಚೆ ನಿಂತಿದ್ದ ಡಾಕ್ಟರಮ್ಮನ ಮುಖ ಅರಳಿತು. ಆಗ ಇವಳು ಮುಖದ ಬಟ್ಟೆ ತೆಗೆದು, ಬಾಗಿಲ ಹತ್ತಿರ ನಿಂತು, ಮೆಲ್ಲಗೆ, "ಒಂದೇ ಒಂದು ತುತ್ತು, ನನ್ ಚಿನ್ನ" ಎಂದಳು.

ಓಡುತ್ತಿದ್ದ ಹಕ್ಕಿ ನಿಂತಿತು. ಉಳಿದವೆಲ್ಲ ಆ ಕಡೆ, ಇದೊಂದು ಈ ಕಡೆ. ಉದ್ದನೆ ಕಾಲೆತ್ತಿ ಇಡುತ್ತ, ನೇರವಾಗಿ ಬಂದು ಇವಳ ಭುಜದ ಹತ್ತಿರ ಕೊಕ್ಕು ಚಾಚಿತು.

ಡಾಕ್ಟರಮ್ಮ ಬೇಲಿ ಸುತ್ತಿಕೊಂಡು ಬಾಗಿಲಿಗೆ ಬಂದರು. ಬಂದವರೇ, "ಯಾಕಮ್ಮ ಹೀಗ್ಮಾಡ್ದೆ?" ಎಂದರು.

"ಮಾತಾಡದಿದ್ರೆ ಸಾಯ್ತಿತ್ತು, ಅಮ್ಮಾ."

"ಸಾಯ್ತಿತ್ತು, ನಿಜ. ಹೊರಗೆ ಬಿಡೋಕೆ ಅಂತಾನೇ ಇಷ್ಟೆಲ್ಲ ಮಾಡ್ತಿರೋದು. ನೀನು ಒಂದನ್ನ ಉಳಿಸ್ದೆ, ಆದ್ರೆ ಹೊರಗಿನ ಲೆಕ್ಕಕ್ಕೆ ಅದು ಸತ್ತ ಹಾಗೇ." ಅವರ ದನಿ ಏರಿತ್ತು, ಮತ್ತೆ ಇಳಿಯಿತು. "ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಬಾಯಿ ಮುಚ್ಕೊಂಡು ಇರ್ತಿದ್ನಾ ಅಂತ ಕೇಳ್ಬೇಡ. ಕೇಳ್ಬೇಡ, ಅಷ್ಟೆ."

ಇವಳು ನಿಲುವಂಗಿ ಬಿಚ್ಚಿ ಅವರ ಕೈಗಿಟ್ಟಳು.

ಉಳಿದ ಹಕ್ಕಿಗಳು ಜವುಗಿಗೆ ಹೋದವು. ಇವಳ ನಿಲುವಂಗಿ ಬೇರೆಯವರಿಗೆ ಹೋಯಿತು, ಪೊರಕೆ ಮತ್ತೆ ಇವಳ ಕೈಗೆ ಬಂತು. ಆ ಹಕ್ಕಿಯನ್ನು ಜನ ನೋಡುವ ಕಡೆ, ದೊಡ್ಡ ಬಲೆಯ ಪಂಜರದಲ್ಲಿಟ್ಟರು. ಮೊದಮೊದಲು ಇವಳು ಗುಡಿಸುತ್ತ ಹೋಗಿ ಅದರೊಡನೆ ಬಾಯ್ತುಂಬ ಮಾತಾಡುತ್ತಿದ್ದಳು. ಇನ್ನು ಯಾರ ಅಡ್ಡಿ? ಆದರೆ ಅದು ಬಲೆಗೆ ಅಂಟಿಕೊಂಡೇ ನಿಲ್ಲತೊಡಗಿತು. ಒಳಗಿದ್ದ ಇನ್ನೊಂದು ಹಕ್ಕಿಯ ಕಡೆ ತಿರುಗಿಯೂ ನೋಡಲಿಲ್ಲ. ಆ ಗಂಡು ಹಕ್ಕಿ ಎಳೆಯದರಲ್ಲೇ ಉರುಳಿಗೆ ಸಿಕ್ಕಿ ಒಂದು ರೆಕ್ಕೆ ಕಳೆದುಕೊಂಡದ್ದು.

ಡಾಕ್ಟರಮ್ಮ ಇವಳನ್ನು ಕರೆಸಿದರು. "ಇವೆರಡೂ ಜೊತೆಯಾದ್ರೆ ಮೊಟ್ಟೆ ಇಡಬಹುದು. ಅದರ ಮರಿಗಳಾದ್ರೂ ಹೊರಗೆ ಹೋಗ್ಲಿ. ಆದ್ರೆ ಅದು ನಿನ್ನನ್ನ ಮರೀಬೇಕು. ನಿಂಗೆ ಬೇರೆ ಕಡೆ ಕೆಲಸ ಹಾಕ್ಸಲಾ?"

"ಬೇಡಮ್ಮ. ನಾನು ಅಲ್ಲೇ ಗುಡಿಸ್ತೀನಿ. ಮಾತಾಡಲ್ಲ."

"ಆಗತ್ತಾ?"

"ಅಭ್ಯಾಸ ಇದೆ," ಎಂದಳಂತೆ.

ಆಮೇಲೆ ಎಷ್ಟೋ ದಿನ ಅದು ಇವಳ ಪೊರಕೆಯ ಸದ್ದಿಗೇ ಓಡಿಬರುತ್ತಿತ್ತಂತೆ. ಇವಳು ತಲೆಯೆತ್ತದೆ ಹೋಗುತ್ತಿದ್ದಳು. ಮನೆಯಲ್ಲೂ ಆ ದಿನಗಳಲ್ಲಿ ಮಾತು ಕಡಿಮೆಯಾಗಿತ್ತು. "ರೇಡಿಯೋ ಕೆಟ್ಟುಹೋಯ್ತಾ?" ಎಂದು ಮೈದುನ ಒಂದೇ ಸಲ ಕೇಳಿ, ಅವಳ ಮುಖ ನೋಡಿ ಮತ್ತೆ ಕೇಳಲಿಲ್ಲ.

ಒಮ್ಮೆ ಅವಳು ಕೆಲಸಕ್ಕೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದಳು. ಪಂಜರದೊಳಗೆ ಎರಡು ಹಕ್ಕಿಗಳು ನೀರಿನ ಪಕ್ಕ ನಿಂತಿದ್ದವು. ಯಾವುದು ಅವಳದು ಎಂದು ಕೇಳಬೇಕಾಗಿರಲಿಲ್ಲ, ಎತ್ತರದ್ದು ಅದೇ. ಒಂದೇ ರೆಕ್ಕೆಯ ಹಕ್ಕಿ ತಲೆ ತಗ್ಗಿಸಿ ಅದರ ಕತ್ತಿನ ಪುಕ್ಕವನ್ನು ಕೊಕ್ಕಿನಿಂದ ನೇವರಿಸುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಯಾರೋ, "ಪಾಪ, ಹಾರೋ ಹಕ್ಕೀನ ಯಾಕೆ ಹೀಗೆ ಕೂಡಿಹಾಕಿದಾರೋ," ಅಂದರು. ಅವಳಿಗೆ ಕೇಳಿಸಿತು. ಮೊದಲಾಗಿದ್ದರೆ ಅವರನ್ನು ನಿಲ್ಲಿಸಿಕೊಂಡು ಕಥೆಯೆಲ್ಲ ಹೇಳಿಬಿಡುತ್ತಿದ್ದಳು. ತುಟಿ ಬಿಗಿದು, ಪಂಜರದ ಉದ್ದಕ್ಕೂ ಒಣಗಿದೆಲೆಗಳನ್ನು ಗುಡಿಸಿಕೊಂಡು ಹೋದಳು. ಹಕ್ಕಿ ತಲೆಯೆತ್ತಲಿಲ್ಲ.

ದೊಡ್ಡ ಗೇಟು ದಾಟಿ ರಸ್ತೆಗೆ ಬರುವವರೆಗೂ ಅವಳು ಉಸಿರೆತ್ತಲಿಲ್ಲ. ಆಮೇಲೆ ನನ್ನ ಕೈ ಹಿಡಿದುಕೊಂಡಳು.

"ನೋಡಿದ್ರಾ ಅಕ್ಕ? ತಿರುಗಿ ಕೂಡ ನೋಡ್ಲಿಲ್ಲ."

ಅವಳ ಕಣ್ಣು ತುಂಬಿತ್ತು. ನಾನು ಅವಳ ಕೈ ಬಿಡಲಿಲ್ಲ. ಮನೆ ಬರುವವರೆಗೂ ಅವಳು ಮಾತಾಡುತ್ತಲೇ ಇದ್ದಳು, ನಾನು ಕೇಳುತ್ತಲೇ ಇದ್ದೆ.